ತಿದಿಯೊತ್ತುವವರ ಹೆಸರೇನು?

ಕೇಳುಗರಿಗೆ ನಮಸ್ಕಾರ.

ಈ ಕಾದಂಬರಿಯನ್ನು ಬಿಡಿಸಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಕಥೆಯಲ್ಲ, ಅಕ್ಷರಗಳ ಬಣ್ಣ. ಕಪ್ಪಲ್ಲ, ಕಂದು. ಡಿಕಾಕ್ಷನ್ ಚೆಲ್ಲಿ ಒಣಗಿದ ಹಾಗೆ. ಹಳೆಯ ಕಾಲದ ಕಥೆ ಎಂದು ಓದುಗನಿಗೆ ನೆನಪಿಸಲು ಪ್ರಕಾಶಕರು ಮಾಡಿದ ಉಪಾಯ ಇದು. ಉಪಾಯ ಚೆನ್ನಾಗಿದೆ, ಆದರೆ ರಾತ್ರಿ ಮಂದ ದೀಪದಲ್ಲಿ ಓದುವವನು ಅವರನ್ನು ನಾಲ್ಕು ಮಾತು ಬೈದೇ ಬೈಯುತ್ತಾನೆ. ನಾನೂ ಬೈದೆ, ಆದರೆ ಓದುವುದನ್ನು ನಿಲ್ಲಿಸಲಿಲ್ಲ.

ಪುಸ್ತಕದ ಹೆಸರು 'ಬೋನ್‌ಶೇಕರ್'. ಬರೆದವರು ಅಮೆರಿಕದ ಲೇಖಕಿ ಚೆರಿ ಪ್ರೀಸ್ಟ್. 2009ರಲ್ಲಿ ಬಂದ ಈ ಕಾದಂಬರಿ ಮರುವರ್ಷ, ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು, ಲೋಕಸ್ ಪ್ರಶಸ್ತಿಯನ್ನು ಪಡೆಯಿತು. ಇದನ್ನು ಸ್ಟೀಮ್‌ಪಂಕ್ ಎಂಬ ಗುಂಪಿಗೆ ಸೇರಿಸುತ್ತಾರೆ. ಉಗಿಯಂತ್ರದ ಕಾಲ ಮುಗಿಯದೆ ಹಾಗೇ ಬೆಳೆದುಕೊಂಡು ಹೋಗಿದ್ದರೆ ಜಗತ್ತು ಹೇಗಿರುತ್ತಿತ್ತು ಎಂದು ಕಲ್ಪಿಸಿ ಬರೆಯುವ ಕಥೆಗಳು ಇವು. ಹಿತ್ತಾಳೆಯ ಕೊಳವೆ, ಹಲ್ಲುಚಕ್ರ, ಆಕಾಶದಲ್ಲಿ ತೇಲುವ ಹಡಗು, ಇವೆಲ್ಲ ಈ ಕಥೆಗಳ ಮಾಮೂಲು ಸಾಮಾನು. ಈ ಹೆಸರನ್ನು ಕೆ. ಡಬ್ಲ್ಯು. ಜೀಟರ್ ಎಂಬ ಲೇಖಕ 1987ರಲ್ಲಿ ಒಂದು ಪತ್ರಿಕೆಗೆ ಬರೆದ ಕಾಗದದಲ್ಲಿ ಅರ್ಧ ತಮಾಷೆಗೆ ಬಳಸಿದರು. ತಮಾಷೆಯೇ ಅಂಟಿಕೊಂಡಿತು.

ಹೆಸರು ಹೊಸದಾದರೂ ಸಂಗತಿ ಹಳೆಯದು. 1868ರಲ್ಲಿ, ಅಮೆರಿಕದ ಪೂರ್ವ ಪಶ್ಚಿಮಗಳನ್ನು ಜೋಡಿಸುವ ರೈಲು ದಾರಿ ಮುಗಿಯುವುದಕ್ಕೆ ಒಂದು ವರ್ಷ ಮೊದಲು, ಎಡ್ವರ್ಡ್ ಎಲ್ಲಿಸ್ ಎಂಬಾತ ಒಂದು ಅಗ್ಗದ ಕಾದಂಬರಿ ಬರೆದ. ಅದರಲ್ಲಿ ಗೂನುಬೆನ್ನಿನ ಹುಡುಗನೊಬ್ಬ ಉಗಿಯಿಂದ ನಡೆಯುವ ಕಬ್ಬಿಣದ ಮನುಷ್ಯನನ್ನು ಮಾಡಿ, ಅವನಿಗೆ ಬಂಡಿ ಕಟ್ಟಿ, ಹುಲ್ಲುಗಾವಲಿನ ಮೇಲೆ ಓಡಿಸುತ್ತಾನೆ. ಕೊನೆಗೆ ಆ ಯಂತ್ರವನ್ನು ಅಲ್ಲಿನ ಮೂಲನಿವಾಸಿಗಳ ಮೇಲೆ ಸಿಡಿಸುತ್ತಾನೆ. ಪಶ್ಚಿಮದ ಸಾಹಸವೂ ಉಗಿಯ ಕನಸೂ ಒಂದೇ ತೊಟ್ಟಿಲಲ್ಲಿ ಬೆಳೆದ ಮಕ್ಕಳು. ಆ ತೊಟ್ಟಿಲಲ್ಲಿ ರಕ್ತದ ಕಲೆಯೂ ಇತ್ತು.

ಗಡಿನಾಡು ಎಂದರೆ ನಮಗೆ ಕಾಸರಗೋಡು, ಅಕ್ಕಲಕೋಟೆ ನೆನಪಾಗುತ್ತವೆ. ಅಲ್ಲಿ ಗಡಿಯ ಎರಡೂ ಕಡೆ ಊರಿದೆ, ಜನರಿದ್ದಾರೆ. ಜಗಳ ಯಾರು ಯಾವ ಕಡೆಗೆ ಸೇರಬೇಕೆಂಬುದಕ್ಕೆ. ಅಮೆರಿಕದವರು ಫ್ರಾಂಟಿಯರ್ ಎಂದಾಗ ಹೇಳುವುದು ಬೇರೆಯೇ. ಬಿಳಿಯರ ವಸತಿ ಎಲ್ಲಿಗೆ ಮುಗಿಯಿತೋ ಅಲ್ಲಿಗೆ ಒಂದು ಗೆರೆ, ಅದರಾಚೆ ಖಾಲಿ ಬಯಲು. ಅದು ಖಾಲಿ ಇರಲಿಲ್ಲ ಎಂಬುದನ್ನು ಹೇಳಬೇಕಾದವರಿಗೆ ಬಾಯಿ ಕೊಟ್ಟಿರಲಿಲ್ಲ, ಅಷ್ಟೆ.

ಪ್ರೀಸ್ಟ್ ಅವರ ಜಾಣತನ ಮೊದಲು ಕಾಣುವುದು ಇಲ್ಲೇ. ಅವರು ಆ ಗೆರೆಯನ್ನು ಒಳಕ್ಕೆ ತಿರುಗಿಸಿದ್ದಾರೆ. ಕಾಡು ಊರಿನ ಹೊರಗಿಲ್ಲ, ಊರಿನ ನಡುಮಧ್ಯದಲ್ಲಿದೆ.

ಕಥೆ ಹೀಗೆ. ಅಲಾಸ್ಕದ ಕಡೆ, ಕ್ಲಾಂಡೈಕ್ ಎಂಬಲ್ಲಿ, ಮಂಜುಗಡ್ಡೆಯಡಿ ಚಿನ್ನವಿದೆಯೆಂಬ ಸುದ್ದಿ. ಮಂಜನ್ನು ಕೊರೆಯುವ ಯಂತ್ರ ಬೇಕೆಂದು ರಷ್ಯನ್ನರು ಹಣ ಕೊಡುತ್ತಾರೆ. ಅಮೆರಿಕದ ಪಶ್ಚಿಮ ತೀರದ ಊರು ಸಿಯಾಟಲ್‌ನ ಲೆವಿಟಿಕಸ್ ಬ್ಲೂ ಎಂಬ ತಂತ್ರಜ್ಞ ಅದನ್ನು ಕಟ್ಟುತ್ತಾನೆ. ಯಂತ್ರದ ಹೆಸರೇ ಬೋನ್‌ಶೇಕರ್, ಎಲುಬು ನಡುಗಿಸುವಂಥದ್ದು. ಪರೀಕ್ಷೆಯ ದಿನ ಅದು ಅವನ ಮನೆಯ ನೆಲಮಾಳಿಗೆಯಿಂದ ಹೊರಟು ಊರಿನ ಅಡಿಯನ್ನೇ ಕೊರೆದುಕೊಂಡು ಹೋಗುತ್ತದೆ. ಬ್ಯಾಂಕುಗಳಿದ್ದ ಬೀದಿ ಕುಸಿಯುತ್ತದೆ. ಹಾಗೆ ಕೊರೆದ ಬಿಲದಿಂದ ಭಾರವಾದ ವಿಷದ ಗಾಳಿ ಮೇಲೇಳುತ್ತದೆ. ಉಸಿರೆಳೆದವರು ಸಾಯುತ್ತಾರೆ, ಸತ್ತವರಲ್ಲಿ ಹಲವರು ಎದ್ದು ನಡೆದಾಡುತ್ತಾರೆ. ಉಳಿದವರು ಊರಿನ ಸುತ್ತ ಸುಮಾರು 200 ಅಡಿ ಎತ್ತರದ ಗೋಡೆ ಕಟ್ಟಿ, ಬಟ್ಟಲಲ್ಲಿ ಹಾಲು ನಿಲ್ಲಿಸಿದಂತೆ ಆ ಗಾಳಿಯನ್ನು ಒಳಗೆ ನಿಲ್ಲಿಸುತ್ತಾರೆ.

ಹದಿನಾರು ವರ್ಷ ಕಳೆದಿದೆ. ಈಗ 1880. ಬ್ಲೂನ ಹೆಂಡತಿ ಬ್ರಯರ್ ವಿಲ್ಕ್ಸ್ ಗೋಡೆಯ ಹೊರಗೆ, ಕೆಟ್ಟ ನೀರನ್ನು ಸೋಸುವ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತಾಳೆ. ಊರು ಹಾಳುಮಾಡಿದವನ ಹೆಂಡತಿ ಎಂದು ಜೊತೆಯವರ ಕುಹಕ ಬೇರೆ. ಹದಿಹರೆಯದ ಮಗ ಜೀಕ್, ನನ್ನಪ್ಪ ಅಪರಾಧಿಯಲ್ಲ ಎಂದು ಸಾಬೀತು ಮಾಡುತ್ತೇನೆಂದು ಹಳೆಯ ನೀರಿನ ಸುರಂಗದಲ್ಲಿ ನುಸುಳಿ ಒಳಗೆ ಹೋಗುತ್ತಾನೆ. ಭೂಕಂಪವಾಗಿ ಸುರಂಗ ಮುಚ್ಚಿಹೋಗುತ್ತದೆ. ತಾಯಿ ಮಗನನ್ನು ಹುಡುಕಿಕೊಂಡು ಆಕಾಶನೌಕೆಯಲ್ಲಿ ಗೋಡೆ ದಾಟುತ್ತಾಳೆ. ಮೂವತ್ತೈದರ ಆಸುಪಾಸಿನ, ದಣಿದ, ಮಗನೊಂದಿಗೆ ಸರಿಯಾಗಿ ಮಾತಾಡಲು ಬಾರದ ಹೆಂಗಸು ಸಾಹಸ ಕಥೆಯ ನಾಯಕಿಯಾಗುವುದು ಅಪರೂಪ. ಇಲ್ಲಿ ಅವಳೇ ಕಥೆಯ ಬೆನ್ನೆಲುಬು.

ಇನ್ನು ಈ ಪುಸ್ತಕದಲ್ಲಿ ನನಗೆ ತೀರಾ ಇಷ್ಟವಾದದ್ದನ್ನು ಹೇಳುತ್ತೇನೆ. ಅದು ಉಸಿರು. ಸ್ಟೀಮ್‌ಪಂಕ್ ಕಥೆಗಳಲ್ಲಿ ಯಂತ್ರಗಳು ಹೆಚ್ಚಾಗಿ ಮದುವೆಮನೆಯ ಒಡವೆಗಳಂತೆ, ತೋರಿಸಿಕೊಳ್ಳಲು ಇರುತ್ತವೆ. ಟೋಪಿಗೊಂದು ಹಲ್ಲುಚಕ್ರ, ಕೋಟಿಗೊಂದು ಗಡಿಯಾರ. ಇಲ್ಲಿ ಹಾಗಲ್ಲ. ಗೋಡೆಯೊಳಗೆ ಕಾಲಿಟ್ಟ ಕ್ಷಣದಿಂದ ಮುಖವಾಡವಿಲ್ಲದೆ ಬದುಕಿಲ್ಲ. ರಬ್ಬರಿನ ಪಟ್ಟಿ ಕೆನ್ನೆಯ ಚರ್ಮ ಉಜ್ಜುತ್ತದೆ. ಕಣ್ಣಿನ ಗಾಜಿಗೆ ತನ್ನ ಉಸಿರಿನದೇ ಆವಿ ಕಟ್ಟುತ್ತದೆ. ಮೂಗು ತುರಿಸಿದರೆ ಕೆರೆದುಕೊಳ್ಳುವಂತಿಲ್ಲ. ಸೋಸುವ ಬಿಲ್ಲೆ ಕಟ್ಟಿಕೊಳ್ಳುತ್ತ ಬಂದಂತೆ ಒಂದೊಂದು ಉಸಿರನ್ನೂ ಎಳೆದು ತೆಗೆಯಬೇಕು, ಗೂರಲು ರೋಗಿಯ ಹಾಗೆ. ಓಡಬೇಕಾದಾಗ ಇನ್ನಷ್ಟು. ಓದುತ್ತ ಓದುತ್ತ ನಾನೇ ಎರಡು ಸಲ ಕಿಟಕಿ ತೆರೆದೆ.

ಯಂತ್ರಕ್ಕೆ ಮಿತಿಯಿದೆ ಎಂಬುದನ್ನೂ ಲೇಖಕಿ ಮರೆಯುವುದಿಲ್ಲ. ನಡೆಯುವ ಹೆಣಗಳನ್ನು ಶಬ್ದದಿಂದಲೇ ಕೆಡಹುವ ಒಂದು ಬಂದೂಕಿದೆ. ಒಮ್ಮೆ ಹೊಡೆದರೆ ಅವು ಕೆಲವು ನಿಮಿಷ ಬಿದ್ದಿರುತ್ತವೆ, ಮತ್ತೆ ಹೊಡೆಯಲು ಅದಕ್ಕೆ ಶಕ್ತಿ ತುಂಬುವವರೆಗೆ ಕಾಯಬೇಕು. ಹೆಂಡದಂಗಡಿ ನಡೆಸುವ ಲೂಸಿಗೆ ಯಂತ್ರದ ಕೈಯಿದೆ. ಅದು ಕೆಟ್ಟರೆ ರಿಪೇರಿ ಮಾಡಬಲ್ಲವನು ಒಬ್ಬನೇ: ಮಿನ್ನೆರಿಕ್ಟ್ ಎಂಬ ನಿಗೂಢ ಡಾಕ್ಟರು, ಒಳಗಿನ ಜಗತ್ತಿನ ಪಾಳೆಗಾರ. ಕೈ ಕೊಟ್ಟವನ ಮುಂದೆ ಕೈ ಒಡ್ಡಿಯೇ ನಿಲ್ಲಬೇಕು. ತಂತ್ರಜ್ಞಾನ ಹೇಗೆ ಸಾಲವಾಗುತ್ತದೆ ಎಂಬುದಕ್ಕೆ ಉಪದೇಶದ ಒಂದು ಸಾಲೂ ಬೇಕಾಗಿಲ್ಲ, ಆ ಕೈ ಸಾಕು.

ಪಶ್ಚಿಮದ ಕಥೆಗಳ ಷರೀಫನೂ ಇಲ್ಲಿದ್ದಾನೆ, ಆದರೆ ಸತ್ತು. ಬ್ರಯರಳ ತಂದೆ ಮೇನಾರ್ಡ್ ಕಾನೂನಿನ ಮನುಷ್ಯ. ವಿಷದ ಗಾಳಿ ಹಬ್ಬುತ್ತಿದ್ದಾಗ ಠಾಣೆಗೆ ಮರಳಿ, ಲಾಕಪ್ಪಿನಲ್ಲಿದ್ದ ಕೈದಿಗಳನ್ನು ಬಿಡಿಸಿ ತಾನು ಸತ್ತ. ಕಾನೂನಿನ ಕಣ್ಣಲ್ಲಿ ಅವನು ದ್ರೋಹಿ, ಕಳ್ಳಸಾಗಣೆಯವರ ಕಣ್ಣಲ್ಲಿ ದೇವರು. ಮಗಳು ಅವನ ಬೆಲ್ಟನ್ನು, ಅವನ ಹೆಸರಿನ ಎರಡಕ್ಷರ ಕೊರೆದ ಬಕಲನ್ನು ತೊಟ್ಟು ಒಳಗೆ ಹೋದಾಗ ಪುಂಡರೆಲ್ಲ ದಾರಿ ಬಿಡುತ್ತಾರೆ. ನಮ್ಮ ಕಡೆ ಊರ ಹೊರಗಿನ ವೀರಗಲ್ಲಿಗೆ ಕೈಮುಗಿದು ಹೋಗುವವರು ಇದನ್ನು ಬೇಗ ಅರ್ಥಮಾಡಿಕೊಳ್ಳುತ್ತಾರೆ.

ಸರಿ, ದೋಷಗಳಿಗೆ ಬರೋಣ. ಸಣ್ಣವನ್ನು ಬೇಗ ಮುಗಿಸುತ್ತೇನೆ. ಅಧ್ಯಾಯಗಳು ತಾಯಿಗೊಂದು ಮಗನಿಗೊಂದು ಎಂದು ಸರದಿಯಲ್ಲಿ ಬರುತ್ತವೆ. ತಾಯಿಯ ಸರದಿ ಮುಗಿದಾಗ ನಿರಾಸೆಯಾಗುತ್ತದೆ, ಏಕೆಂದರೆ ಮಗನ ಪಾಲಿನಲ್ಲಿ ಅವನು ಮಾಡುವುದು ಕಡಿಮೆ. ಒಬ್ಬ ದಾರಿಗನ ಕೈಯಿಂದ ಇನ್ನೊಬ್ಬನ ಕೈಗೆ ಪಾರ್ಸೆಲಿನಂತೆ ಸಾಗುತ್ತಾನೆ. ನಡೆಯುವ ಹೆಣಗಳು ನನ್ನ ಮಟ್ಟಿಗೆ ದಂಡ. ಗಾಳಿಯೇ ಕೊಲ್ಲುವ ಊರಿನಲ್ಲಿ ಇನ್ನೊಂದು ಭೂತವೇಕೆ? ಕಥೆ ಕುಂಟಿದಾಗಲೆಲ್ಲ ಅವು ಬಂದು ಬೆನ್ನಟ್ಟಿ ಓಡಿಸುತ್ತವೆ.

ಇನ್ನೊಂದು ದೋಷ ಕಸುಬಿನದು. ಹೆಸರಾಂತ ಡಾಕ್ಟರು ಮಿನ್ನೆರಿಕ್ಟ್ ನಿಜಕ್ಕೂ ಸತ್ತನೆನ್ನಲಾದ ಬ್ಲೂ ಇರಬಹುದೇ ಎಂಬ ಗುಮಾನಿ ಇಡೀ ಪುಸ್ತಕವನ್ನು ಎಳೆದೊಯ್ಯುತ್ತದೆ. ಉತ್ತರ ಬ್ರಯರಳಿಗೆ ಗೊತ್ತು. ನಾವು ಇರುವುದು ಅವಳ ತಲೆಯೊಳಗೆ. ಅವಳ ಹಸಿವು, ನೋವು, ಕೋಪ ಎಲ್ಲ ನಮಗೆ ಕೇಳಿಸುತ್ತವೆ. ಇದೊಂದು ಮಾತ್ರ ಕೊನೆಯವರೆಗೆ ಕೇಳಿಸುವುದಿಲ್ಲ. ಆಟದಲ್ಲಿ ಎಲೆ ಮುಚ್ಚಿಟ್ಟುಕೊಳ್ಳುವುದು ನ್ಯಾಯ. ಎಲೆ ತೋರಿಸುತ್ತೇನೆಂದು ಪಕ್ಕದಲ್ಲಿ ಕೂರಿಸಿಕೊಂಡು ಒಂದನ್ನು ಮಾತ್ರ ತೊಡೆಯಡಿ ಇಟ್ಟುಕೊಳ್ಳುವುದು ಅಲ್ಲ. ಆದರೂ ಆ ಗುಟ್ಟು ಬಿಚ್ಚುವ ಕೊನೆಯ ದೃಶ್ಯ, ತಾಯಿ ಮಗ ಇಬ್ಬರೇ ಹಳೆಯ ಮನೆಯಲ್ಲಿ ನಿಂತ ದೃಶ್ಯ, ಇಡೀ ಕಾದಂಬರಿಯಲ್ಲೇ ಉತ್ತಮವಾದದ್ದು. ಗುಟ್ಟೇನೆಂದು ನಾನು ಹೇಳುವುದಿಲ್ಲ.

ಇತಿಹಾಸವನ್ನು ತಿರುಚಿದ್ದಾರೆ ಎಂದು ದೂರುವವರಿದ್ದಾರೆ. ಆ ದೂರು ನನ್ನದಲ್ಲ. ಕ್ಲಾಂಡೈಕ್‌ನ ಚಿನ್ನ ನಿಜವಾಗಿ ಸಿಕ್ಕಿದ್ದು 1896ರಲ್ಲಿ. ಮಿನ್ನೆರಿಕ್ಟ್ ಠಿಕಾಣಿ ಹೂಡಿರುವ ಕಿಂಗ್ ಸ್ಟ್ರೀಟ್ ರೈಲು ನಿಲ್ದಾಣ ತೆರೆದದ್ದು 1906ರಲ್ಲಿ. 1889ರ ಬೆಂಕಿಯಲ್ಲಿ ಸಿಯಾಟಲ್‌ನ ವ್ಯಾಪಾರದ ಬೀದಿಗಳು ಸುಟ್ಟುಹೋದ ಮೇಲೆ ರಸ್ತೆಗಳನ್ನು ಎತ್ತರಿಸಿದರು, ಹಳೆಯ ಅಂಗಡಿಗಳ ನೆಲ ಅಂತಸ್ತು ನೆಲದಡಿಗೆ ಹೋಯಿತು. ಇವತ್ತಿಗೂ ಪ್ರವಾಸಿಗರು ಟಿಕೆಟ್ ಕೊಂಡು ಆ ಪಾತಾಳ ನೋಡಿ ಬರುತ್ತಾರೆ. ಕಾದಂಬರಿಯ ನೆಲದಡಿಯ ಬದುಕಿಗೆ ಬೀಜ ಅಲ್ಲಿದೆ. ವರ್ಷಗಳನ್ನು ಬೇಕೆಂದೇ ಕಲಸಿದ್ದೇನೆ ಎಂದು ಲೇಖಕಿ ಪುಸ್ತಕದ ಕೊನೆಯಲ್ಲಿ ಒಪ್ಪಿಕೊಂಡಿದ್ದಾರೆ.

ನನ್ನ ತಕರಾರು ಇರುವುದು ಆ ಉಸಿರಿನ ವಿಷಯದಲ್ಲೇ. ನೆಲದಡಿಯ ಕೋಣೆಗಳಲ್ಲಿ ಮುಖವಾಡ ತೆಗೆದು ಕೂರಲು ಒಳ್ಳೆಯ ಗಾಳಿ ಎಲ್ಲಿಂದ ಬರುತ್ತದೆ? ಗೋಡೆಗಿಂತ ಎತ್ತರಕ್ಕೆ ಎದ್ದ ಕೊಳವೆಗಳಿಂದ. ಅದನ್ನು ಕೆಳಗೆ ಎಳೆಯುವ ಕುಲುಮೆಗಳಿಗೆ ಬೆಂಕಿ ಹಾಕುವವರು, ತಿದಿ ಒತ್ತುವವರು ಯಾರು? ಚೀನೀ ಕೆಲಸಗಾರರು. ಅವರು ಒಂದು ದಿನ ಕೈಬಿಟ್ಟರೆ ಲೂಸಿಯ ಹೆಂಡದಂಗಡಿ, ಮಿನ್ನೆರಿಕ್ಟ್‌ನ ದರ್ಬಾರು ಎಲ್ಲ ಮುಗಿಯಿತು. ಹೀಗಿರುವಾಗ ಅವರ ಕಥೆ ಇರಬೇಡವೇ? ಬ್ರಯರ್ ಅವರ ಕುಲುಮೆಯ ಕೋಣೆಯನ್ನು ಹಾದುಹೋಗುತ್ತಾಳೆ. ಅವರು ನೋಡುತ್ತಾರೆ, ತಮ್ಮ ಭಾಷೆಯಲ್ಲಿ ಏನೋ ಆಡಿಕೊಳ್ಳುತ್ತಾರೆ, ಕಥೆ ಮುಂದೆ ಹೋಗುತ್ತದೆ. ಸ್ವಲ್ಪ ಹತ್ತಿರದಿಂದ ಕಾಣುವ ಚೀನೀಯನೆಂದರೆ ಕ್ಲೈ ಎಂಬ ಕ್ಯಾಪ್ಟನ್ನನ ಆಕಾಶನೌಕೆಯಲ್ಲಿರುವ ಫ್ಯಾಂಗ್. ಅವನೋ, ಮಾತೇ ಆಡುವುದಿಲ್ಲ.

1880 ಎಂಬ ವರ್ಷವನ್ನು ಆರಿಸಿಕೊಂಡ ಲೇಖಕಿಗೆ ಇದು ಕೈತಪ್ಪಿದ್ದು ನನಗೆ ಸೋಜಿಗ. ಎರಡೇ ವರ್ಷದಲ್ಲಿ, 1882ರಲ್ಲಿ, ಚೀನೀ ಕೂಲಿಗಳು ಅಮೆರಿಕಕ್ಕೆ ಬರದಂತೆ ಕಾನೂನು ಬಂತು. 1886ರ ಫೆಬ್ರವರಿಯಲ್ಲಿ ಇದೇ ಸಿಯಾಟಲ್‌ನಲ್ಲಿ ಗುಂಪೊಂದು ಮನೆಮನೆಗೆ ನುಗ್ಗಿ ಸುಮಾರು 350 ಚೀನೀಯರನ್ನು ಗಂಟುಮೂಟೆ ಸಹಿತ ಬಂದರಿಗೆ ಅಟ್ಟಿಕೊಂಡು ಹೋಯಿತು. ರೈಲು ದಾರಿ ಹಾಕುವಾಗ ಬೇಕಿದ್ದವರು, ದಾರಿ ಮುಗಿದ ಮೇಲೆ ಬೇಡವಾದರು. ಊರಿಗೆ ಉಸಿರು ಊಡುವವರನ್ನೇ ಊರು ಹೊರಗಟ್ಟುವುದು! ಇದಕ್ಕಿಂತ ದೊಡ್ಡ ಕಥೆ ಆ ಗೋಡೆಯೊಳಗೆ ಇನ್ನಾವುದಿತ್ತು?

ಇದನ್ನು ಓದುವಾಗ ನನ್ನ ಮನಸ್ಸು ಕೋಲಾರದ ಕಡೆ ಹೋಗಿ ಬಂತು. ಜಾನ್ ಟೇಲರ್ ಕಂಪನಿ ನಮ್ಮ ಚಿನ್ನದ ಗಣಿಗೆ ಕಾಲಿಟ್ಟದ್ದೂ 1880ರಲ್ಲೇ. ಅಲ್ಲಿಯೂ ಆಳಕ್ಕೆ ಗಾಳಿ ಕಳಿಸುವ ಸಮಸ್ಯೆಯಿತ್ತು, ಅಲ್ಲಿಯೂ ಕೆಳಗಿಳಿದವರ ಹೆಸರು ಇತಿಹಾಸದ ಪುಸ್ತಕಕ್ಕೆ ಸುಲಭವಾಗಿ ಏರಲಿಲ್ಲ. 2001ರಲ್ಲಿ ಗಣಿ ಮುಚ್ಚಿತು. ಗಾಳಿ ಬೀಸಿದಾಗ ಸೈನೈಡ್ ದಿಬ್ಬಗಳ ಧೂಳು ಇವತ್ತೂ ಮನೆಯೊಳಕ್ಕೆ ಬರುತ್ತದೆ. ನೆಲ ಅಗೆದು ಹೊರಬಂದದ್ದು ಉಸಿರಿಗೆ ಸೇರುವುದು ಕೋಲಾರದವರಿಗೆ ಕಟ್ಟುಕಥೆಯಲ್ಲ.

ಕಾದಂಬರಿಯಲ್ಲಿ ಒಬ್ಬ ಮುದುಕಿ ಇದ್ದಾಳೆ, ಆಂಜಲೀನ್. ಸೊಂಟದಲ್ಲಿ ಚೂರಿ, ನಾಲಿಗೆಯಲ್ಲೂ ಚೂರಿ. ಗೋಡೆಯೊಳಗೆ ಎಲ್ಲಿ ಬೇಕೆಂದರಲ್ಲಿ ಓಡಾಡುತ್ತಾಳೆ, ಮಿನ್ನೆರಿಕ್ಟ್‌ಗೆ ಸೊಪ್ಪು ಹಾಕುವುದಿಲ್ಲ. ಅವಳು ಬಂದ ಪುಟಗಳಿಗೆಲ್ಲ ಜೀವ ಬರುತ್ತದೆ. ಅವಳು ಕಲ್ಪನೆಯ ಕೂಸಲ್ಲ. ಯಾರ ಹೆಸರನ್ನು ಊರಿಗೆ ಇಟ್ಟರೋ ಆ ಮೂಲನಿವಾಸಿ ನಾಯಕ ಸಿಯಾಟಲ್‌ನ ಮಗಳು, ಕಿಕಿಸೊಬ್ಲು. 1865ರಲ್ಲಿ ಊರಿನ ಆಡಳಿತ ಮಂಡಳಿ ಮೂಲನಿವಾಸಿಗಳು ಊರೊಳಗೆ ವಾಸ ಮಾಡಕೂಡದೆಂದು ನಿಯಮ ಮಾಡಿತು. ಅಪ್ಪನ ಹೆಸರಿನ ಊರಿನಲ್ಲಿ ಮಗಳಿಗೆ ಜಾಗವಿಲ್ಲ. ಅವಳು ಹೋಗಲಿಲ್ಲ. ನೀರಿನಂಚಿನ ಗುಡಿಸಲಿನಲ್ಲಿದ್ದುಕೊಂಡು ಬಿಳಿಯರ ಬಟ್ಟೆ ಒಗೆದು, ಮರಳು ಕೆದಕಿ ಮಳಿ ಎಂಬ ಚಿಪ್ಪುಜೀವಿಗಳನ್ನು ಹೆಕ್ಕಿ 1896ರವರೆಗೆ ಬದುಕಿದಳು. ಕಾದಂಬರಿ ಅವಳನ್ನು ಕರೆತಂದದ್ದು ದೊಡ್ಡ ಗುಣ; ಅವಳ ಜನರಾರನ್ನೂ ಕರೆತರದೆ ಒಂಟಿಯಾಗಿ ಬಿಟ್ಟದ್ದು ಅಷ್ಟೇ ದೊಡ್ಡ ಕೊರತೆ.

ಅವಳ ಕೊನೆಗಾಲದಲ್ಲಿ ಎಡ್ವರ್ಡ್ ಕರ್ಟಿಸ್ ಎಂಬ ಫೋಟೋಗ್ರಾಫರ್ ಅವಳನ್ನು ಕೂರಿಸಿ ಚಿತ್ರ ತೆಗೆದ, ಒಂದೊಂದು ಚಿತ್ರಕ್ಕೆ ಒಂದೊಂದು ಡಾಲರ್ ಕೊಟ್ಟ. ಇಡೀ ದಿನ ಮಳಿ ಹೆಕ್ಕುವುದಕ್ಕಿಂತ ಈ ದುಡಿಮೆ ಅವಳಿಗೆ ಹಿಡಿಸಿತಂತೆ. ಪುಸ್ತಕ ಮುಚ್ಚಿದ ಮೇಲೆ ಆ ಚಿತ್ರವನ್ನು ಹುಡುಕಿ ನೋಡಿದೆ. ತಲೆಗೆ ವಸ್ತ್ರ, ಮುಖದ ತುಂಬ ಉತ್ತ ಹೊಲದಂತೆ ಸುಕ್ಕು, ಕ್ಯಾಮೆರಾದತ್ತ ಅವಳಿಗೆ ಅಷ್ಟೇನೂ ಗಮನವಿಲ್ಲ. ಬಣ್ಣ ಮಾತ್ರ ಅದೇ ಕಂದು.

ನಮಸ್ಕಾರ.