ಸೋಲಿಗೊಂದು ಕಾರಣವಿದ್ದ ಕಾಲ: ಎಸೆಂಡನ್ ಅಭಿಮಾನಿಗಳ ಊರಿನಲ್ಲಿ ಒಂದು ಭಾನುವಾರ

ನಮಸ್ಕಾರ ವೀಕ್ಷಕರೇ. ನೀವೀಗ ನೋಡುತ್ತಿರುವುದು ಮೆಲ್ಬರ್ನಿನ ಉತ್ತರ ಭಾಗದಲ್ಲಿ ಭಾನುವಾರಗಳಂದು ಸೇರುವ ಹಳೆಯ ಸಾಮಾನುಗಳ ಸಂತೆ. ತುಕ್ಕು ಹಿಡಿದ ಸುತ್ತಿಗೆಯಿಂದ ಮದುವೆಯ ಗೌನಿನವರೆಗೆ ಇಲ್ಲಿ ಎಲ್ಲವೂ ಸಿಗುತ್ತದೆಯಾದರೂ ನಾನು ಬಂದಿರುವುದು ಎಸೆಂಡನ್ ಫುಟ್‌ಬಾಲ್ ಕ್ಲಬ್ಬಿನ ಒಂದು ಹಳೆಯ ಜೆರ್ಸಿಗಾಗಿ. ಫುಟ್‌ಬಾಲ್ ಎಂದ ಕೂಡಲೇ ನಮ್ಮವರಿಗೆ ನೆನಪಾಗುವ ಆಟ ಇದಲ್ಲ. ಇದು ಆಸ್ಟ್ರೇಲಿಯಾದವರು ತಮಗಾಗಿ ಕಟ್ಟಿಕೊಂಡು ‘ಫುಟಿ’ ಎಂದು ಕರೆಯುವ ಆಟ: ಕ್ರಿಕೆಟ್ ಆಡುವ ಮೈದಾನವೇ ಅಂಗಳ, ತಂಡಕ್ಕೆ 18 ಜನ, ಮೊಟ್ಟೆಯಾಕಾರದ ಚೆಂಡು, ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ, ಅಂಚಿನ ಕಂಬಗಳ ಕಡೆಗೆ ಜಾರಿದರೆ 1 ಅಂಕ. ಇಂದಿನ ಮಟ್ಟಿಗೆ ಇಷ್ಟು ತಿಳಿದಿದ್ದರೆ ಸಾಕು, ಏಕೆಂದರೆ ನಾನು ಹೇಳಹೊರಟಿರುವುದು ಆಟದ ಕಥೆಯನ್ನಲ್ಲ, ಸೋಲನ್ನು ರೂಢಿ ಮಾಡಿಕೊಂಡ ಅಭಿಮಾನಿಗಳ ಕಥೆಯನ್ನು.

ಜೆರ್ಸಿ ಸಿಕ್ಕಿತು, ಆದರೆ ಅದರ ಬೆಲೆಯ ಬಗ್ಗೆ ಸ್ವಲ್ಪ ಮಾತನಾಡಲೇಬೇಕು. ಕ್ಯಾಮೆರಾವನ್ನು ಹತ್ತಿರ ತರುತ್ತೇನೆ, ನೋಡಿ. ತೋಳಿಲ್ಲದ ಕಪ್ಪು ಅಂಗಿ, ಹೆಗಲಿನಿಂದ ಸೊಂಟದವರೆಗೆ ಓರೆಯಾಗಿ ಇಳಿಯುವ ಕೆಂಪು ಪಟ್ಟಿ, ಎದೆಯ ಬಳಿ ಎಂದೋ ಬಿದ್ದ ಟೊಮೆಟೊ ಸಾಸಿನ ಕಲೆ, ಬೆನ್ನಿನ ಮೇಲೆ ಇಸ್ತ್ರಿಯ ಕಾವಿನಲ್ಲಿ ಅಂಟಿಸಿದ, ಈಗ ಮೂಲೆಯಿಂದ ಸುಲಿಯತೊಡಗಿರುವ 4 ಎಂಬ ಸಂಖ್ಯೆ. ಇದಕ್ಕೆ ಅಂಗಡಿಯಾತ ಕೇಳಿದ್ದು 60 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಮೂರೂವರೆ ಸಾವಿರ ರೂಪಾಯಿ. ಪಕ್ಕದ ಹ್ಯಾಂಗರಿನಲ್ಲಿ ಅದೇ ಕ್ಲಬ್ಬಿನ, ಇದಕ್ಕಿಂತ ಎಷ್ಟೋ ಚೆನ್ನಾಗಿದ್ದ 5ನೇ ಸಂಖ್ಯೆಯ ಜೆರ್ಸಿ ಕೇವಲ 25 ಡಾಲರಿಗೆ ತೂಗುತ್ತಿತ್ತು. ಕಲೆಯಿಲ್ಲದ್ದಕ್ಕೆ 25, ಕಲೆಯಿರುವುದಕ್ಕೆ 60 ಯಾವ ನ್ಯಾಯ ಎಂದು ಕೇಳಿದರೆ, “ಅದರ ಮೇಲಿನ ಪದಕವನ್ನು ವಾಪಸು ತೆಗೆದುಕೊಂಡರಲ್ಲ, ಅದಕ್ಕೇ” ಎಂದು ಆತ ನಿರಾಳವಾಗಿ ಉತ್ತರಿಸಿದ.

ಆತನ ಮಾತಿನಲ್ಲಿ ಸುಳ್ಳಿರಲಿಲ್ಲ. 4ನೇ ಸಂಖ್ಯೆ ಆ ದಿನಗಳಲ್ಲಿ ನಾಯಕ ಜೋಬ್ ವಾಟ್ಸನ್ ಅವರದಾಗಿತ್ತು. 2012ರ ಋತುವಿನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಬ್ರೌನ್‌ಲೋ ಪದಕ ಅವರಿಗೆ ಬಂತು. ಅದೇ ಋತುವಿನಲ್ಲಿ ತಂಡದವರಿಗೆ ನಿಷೇಧಿತ ಮದ್ದು ಚುಚ್ಚಿದ ಹಗರಣದಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾದ ಮೇಲೆ, 2016ರ ನವೆಂಬರಿನಲ್ಲಿ, ಅವರು ಅದನ್ನು ಹಿಂತಿರುಗಿಸಿದರು. ಪದಕವು ಎರಡನೆಯ ಸ್ಥಾನ ಹಂಚಿಕೊಂಡಿದ್ದ ಟ್ರೆಂಟ್ ಕಾಚಿನ್ ಮತ್ತು ಸ್ಯಾಮ್ ಮಿಚೆಲ್ ಅವರ ಪಾಲಾಯಿತು. ಕಳೆದುಕೊಂಡ ಪದಕಕ್ಕೂ ಸಂತೆಯಲ್ಲಿ ಹೆಚ್ಚುವರಿ 35 ಡಾಲರ್ ಬೆಲೆಯಿದೆ ಎಂಬುದು ನನಗೆ ಇಂದು ತಿಳಿಯಿತು. ಅಗ್ಗವಾಗಿದ್ದ 5ನೇ ಸಂಖ್ಯೆ ಜೇಮ್ಸ್ ಹಿರ್ಡ್ ಅವರದು. ಅವರ ವಿಷಯಕ್ಕೆ ಮುಂದೆ ಬರುತ್ತೇನೆ. ಚೌಕಾಶಿ ನಮ್ಮ ರಕ್ತದಲ್ಲೇ ಇರುವುದರಿಂದ ಎರಡು ಸಲ ಹಿಂತಿರುಗಿ ನಡೆದು, ಮೂರನೆಯ ಸಲ ಆತನೇ ಕರೆದು, ಕೊನೆಗೆ 45ಕ್ಕೆ ವ್ಯಾಪಾರ ಕುದುರಿತು. ಆದರೂ ಹೇಳುತ್ತೇನೆ, ಇದು ದುಬಾರಿ. ಸಾಸಿನ ಕಲೆಗಾದರೂ ಐದು ಡಾಲರ್ ಇಳಿಸಬೇಕಿತ್ತು.

ರೈಲಿನಲ್ಲಿ ಕುಳಿತದ್ದು, ಇಳಿದದ್ದು ದೃಶ್ಯದಲ್ಲೇ ಇದೆ. ಇದು ಕ್ರೇಗಿಬರ್ನ್ ಮಾರ್ಗದ ಎಸೆಂಡನ್ ನಿಲ್ದಾಣ. ಇಲ್ಲಿಂದ ಕ್ಲಬ್ಬಿನ ಹಳೆಯ ಮೈದಾನಕ್ಕೆ ನಡೆದೇ ಹೋಗಬಹುದಾದ್ದರಿಂದ ದಾರಿಯಲ್ಲಿ ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. ಎಸೆಂಡನ್ ಬಡ ಕ್ಲಬ್ಬಲ್ಲ, ಹೊಸ ಕ್ಲಬ್ಬೂ ಅಲ್ಲ. 16 ಬಾರಿ ಪ್ರಶಸ್ತಿ ಗೆದ್ದಿರುವ, ‘ಬಾಂಬರ್ಸ್’ ಎಂಬ ಅಡ್ಡಹೆಸರಿನ ಈ ತಂಡಕ್ಕೆ ಈ ಲೆಕ್ಕದಲ್ಲಿ ಸಮನಾಗಿ ನಿಲ್ಲುವವರು ಕಾರ್ಲ್‌ಟನ್ ಮತ್ತು ಕಾಲಿಂಗ್‌ವುಡ್ ಮಾತ್ರ. 2000ನೇ ಇಸವಿಯಲ್ಲಂತೂ ಇಡೀ ಋತುವಿನಲ್ಲಿ ಒಂದೇ ಒಂದು ಪಂದ್ಯ ಸೋತು, ಫೈನಲ್‌ನಲ್ಲಿ ಮೆಲ್ಬರ್ನ್ ತಂಡವನ್ನು 60 ಅಂಕಗಳಿಂದ ಬಡಿದುಹಾಕಿತ್ತು. ಅದೇ ಕೊನೆಯ ಪ್ರಶಸ್ತಿ. 2004ರ ಸೆಪ್ಟೆಂಬರಿನಲ್ಲಿ ಅದೇ ಮೆಲ್ಬರ್ನ್ ವಿರುದ್ಧ ಒಂದು ಎಲಿಮಿನೇಷನ್ ಪಂದ್ಯ ಗೆದ್ದದ್ದೇ ಕೊನೆ, ಅಲ್ಲಿಂದ ಈಚೆಗೆ ಅಂತಿಮ ಸುತ್ತಿನ ಒಂದು ಪಂದ್ಯವನ್ನೂ ಗೆದ್ದಿಲ್ಲ. 2009, 2011, 2014, 2017, 2019, 2021 ಹೀಗೆ ಆರು ಸಲ ಬಾಗಿಲವರೆಗೆ ಹೋಗಿ ಆರು ಸಲವೂ ಮೊದಲ ಪಂದ್ಯದಲ್ಲೇ ಹೊರಬಿದ್ದಿದೆ.

ಆರ್‌ಸಿಬಿಯ ಹೆಸರು ನಿಮ್ಮ ಬಾಯಿಗೆ ಬಂದಿರಬಹುದು. ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಸರಿ. ಆರ್‌ಸಿಬಿಯವರು 17 ವರ್ಷ ಸೋತರು, ಪಕ್ಕದ ರಾಜ್ಯದವರ ಗೇಲಿ ಸಹಿಸಿಕೊಂಡರು, 2025ರಲ್ಲಿ ಗೆದ್ದರು. ಆದರೆ ತಮ್ಮ ತಂಡವೇ ತಮ್ಮ ಆಟಗಾರರ ಮೈಗೆ ಏನನ್ನು ಚುಚ್ಚಿತು ಎಂದು ಅವರು ಯಾವತ್ತೂ ಕೇಳಬೇಕಾಗಿ ಬರಲಿಲ್ಲ.

ಇದೇ ವಿಂಡಿ ಹಿಲ್. 1922ರಿಂದ 1991ರವರೆಗೆ ಕ್ಲಬ್ಬಿನ ದೊಡ್ಡ ಪಂದ್ಯಗಳು ಇಲ್ಲೇ ನಡೆಯುತ್ತಿದ್ದವು, ಈಗ ಮಹಿಳಾ ತಂಡ ಆಡುತ್ತದೆ. ಇಲ್ಲಿ ನನಗಾಗಿ ಕಾಯುತ್ತಿರುವ ಹಿರಿಯರು ನಮ್ಮ ಪಕ್ಕದ ಮನೆಯವರು, ಮೂರು ತಲೆಮಾರಿನ ಎಸೆಂಡನ್ ಮನೆತನದವರು. ಈ ದೇಶದಲ್ಲಿ ಎಂಥ ಹಿರಿಯರನ್ನೂ ಹೆಸರು ಹಿಡಿದೇ ಕರೆಯುವ ರೂಢಿಯಾದರೂ ನನಗೆ ಇಂದಿಗೂ ಬಾಯಿ ಬರುವುದಿಲ್ಲ. ಅವರ ಕೋರಿಕೆಯಂತೆ ಮುಖವನ್ನೂ ತೋರಿಸುತ್ತಿಲ್ಲ. ಜೆರ್ಸಿಯನ್ನು ಅವರಿಗೆ ತೋರಿಸಿದೆ. ಬೆಲೆ ಕೇಳಿ ನಕ್ಕರು, ಬಹಳ ಹೊತ್ತು ನಕ್ಕರು, ಅದನ್ನು ಎಡಿಟಿಂಗ್‌ನಲ್ಲಿ ಕತ್ತರಿಸಿದ್ದೇನೆ.

2012ರಲ್ಲಿ ತಂಡದ ತರಬೇತಿ ಇನ್ನೂ ಇದೇ ಆವರಣದಲ್ಲಿ ನಡೆಯುತ್ತಿತ್ತು. ಕ್ರೀಡಾ ವಿಜ್ಞಾನಿ ಎಂದು ಸೇರಿಸಿಕೊಂಡ ಸ್ಟೀಫನ್ ಡ್ಯಾಂಕ್ ಎಂಬಾತ ಆ ವರ್ಷ ಆಟಗಾರರಿಗೆ ಪೂರಕ ಮದ್ದುಗಳ ಕಾರ್ಯಕ್ರಮವನ್ನು ನಡೆಸಿದ. ಕ್ಲಬ್ಬಿನ ವೈದ್ಯ ಡಾ. ಬ್ರೂಸ್ ರೀಡ್ ಅವರು ಆ ಜನವರಿಯಲ್ಲೇ ತಮ್ಮ ಆತಂಕವನ್ನು ಮೇಲಿನವರ ಹೆಸರಿಗೆ ಕಾಗದದಲ್ಲಿ ಬರೆದಿದ್ದರು. ಆದರೂ ಕಾರ್ಯಕ್ರಮ ಮುಂದುವರಿಯಿತು. 2013ರ ಫೆಬ್ರವರಿ 5ರಂದು ಕ್ಲಬ್ಬು ತಾನಾಗಿಯೇ ಪಂದ್ಯಾವಳಿ ನಡೆಸುವ ಲೀಗ್ ಮತ್ತು ಉದ್ದೀಪನ ಮದ್ದು ತಡೆ ಸಂಸ್ಥೆಗಳ ಮುಂದೆ ಹೋಗಿ ತನಿಖೆ ಕೇಳಿತು. ಅಭಿಮಾನಿಗಳನ್ನು ಇಂದಿಗೂ ಹೆಚ್ಚು ಕೆಣಕುವುದು ನಿಷೇಧಿತ ಮದ್ದು ಎಂಬ ಆರೋಪಕ್ಕಿಂತ, ಯಾರಿಗೆ ಏನು ಕೊಡಲಾಯಿತು ಎಂಬ ಸರಿಯಾದ ದಾಖಲೆಯೇ ಇರಲಿಲ್ಲ ಎಂಬ ಸಂಗತಿ. ಕ್ಲಬ್ಬೇ ನೇಮಿಸಿದ ಜಿಗ್ಗಿ ಸ್ವಿಟ್ಕೋವ್‌ಸ್ಕಿ ಅವರ ವರದಿ, ಅಲ್ಲಿದ್ದುದು ಔಷಧ ಪ್ರಯೋಗದ ವಾತಾವರಣ, ಅದನ್ನು ಯಾರೂ ಹದ್ದುಬಸ್ತಿನಲ್ಲಿ ಇಡಲಿಲ್ಲ, ಪ್ರಶ್ನಿಸಲಿಲ್ಲ, ದಾಖಲಿಸಲಿಲ್ಲ ಎಂಬ ಅರ್ಥದ ಮಾತುಗಳನ್ನು ಬರೆಯಿತು. ಹಳ್ಳಿಯ ಮೆಡಿಕಲ್ ಸ್ಟೋರಿನವನೂ ಚೀಟಿ ಬರೆದಿಟ್ಟುಕೊಳ್ಳುತ್ತಾನೆ. ಕೋಟಿಗಟ್ಟಲೆ ವಹಿವಾಟಿನ ಕ್ಲಬ್ಬಿಗೆ ಒಂದು ನೋಟ್‌ಬುಕ್ ಇಡಲಾಗಲಿಲ್ಲ ಎಂಬುದನ್ನು ನಾನು ಎಷ್ಟು ಸಲ ಓದಿದರೂ ನಂಬಲಾಗುತ್ತಿಲ್ಲ.

ಶಿಕ್ಷೆ ಕಂತುಗಳಲ್ಲಿ ಬಂತು. 2013ರ ಆಗಸ್ಟಿನಲ್ಲಿ 20 ಲಕ್ಷ ಡಾಲರ್ ದಂಡ, ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್ ಸರದಿಗಳಿಗೆ ಕತ್ತರಿ, ಮುಖ್ಯ ತರಬೇತುದಾರ ಜೇಮ್ಸ್ ಹಿರ್ಡ್ ಅವರಿಗೆ 12 ತಿಂಗಳ ಅಮಾನತು, ಮತ್ತು ಆ ವರ್ಷದ ಅಂತಿಮ ಸುತ್ತಿನಿಂದ ಹೊರದಬ್ಬುವಿಕೆ. ಖಾಲಿಯಾದ ಜಾಗ ಹೋದದ್ದು ಯಾರಿಗೆ ಗೊತ್ತೇ? ಹಳೆಯ ವೈರಿಯಾದ ಕಾರ್ಲ್‌ಟನ್ ತಂಡಕ್ಕೆ. ಹಿರಿಯರು ದಂಡದ ಮೊತ್ತವನ್ನು ಮರೆತಿದ್ದರು, ಇದನ್ನು ಮರೆತಿರಲಿಲ್ಲ. 2015ರ ಮಾರ್ಚ್ 31ರಂದು ಲೀಗಿನ ನ್ಯಾಯಮಂಡಳಿ ಆಟಗಾರರ ಮೇಲಿನ ಆರೋಪ ಸಾಬೀತಾಗಿಲ್ಲ ಎಂದಾಗ ಊರೆಲ್ಲ ನಿಟ್ಟುಸಿರು ಬಿಟ್ಟಿತು. ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆಯಾದ ವಾಡಾ ಮೇಲ್ಮನವಿ ಸಲ್ಲಿಸಿತು, ಮತ್ತು 2016ರ ಜನವರಿಯಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯವು ಅಂದಿನ ಮತ್ತು ಹಿಂದಿನ 34 ಆಟಗಾರರನ್ನು ಥೈಮೋಸಿನ್ ಬೀಟಾ-4 ಎಂಬ ನಿಷೇಧಿತ ವಸ್ತುವಿನ ಬಳಕೆಗಾಗಿ ತಪ್ಪಿತಸ್ಥರೆಂದು ಘೋಷಿಸಿತು. ಆಗಲೂ ಎಸೆಂಡನ್ನಿನಲ್ಲೇ ಆಡುತ್ತಿದ್ದ 12 ಮಂದಿ ಇಡೀ 2016ರ ಋತುವನ್ನು ಕಳೆದುಕೊಂಡರು.

ಹಿರ್ಡ್ ಅವರ ವಿಷಯದಲ್ಲಿ ಇಲ್ಲಿನ ಮನೆಮನೆಗಳೇ ಇಬ್ಭಾಗವಾಗಿವೆ. 2000ದ ಪ್ರಶಸ್ತಿಯ ನಾಯಕ, ಆ ಫೈನಲ್‌ನ ಶ್ರೇಷ್ಠ ಆಟಗಾರ, 1996ರಲ್ಲಿ ಬ್ರೌನ್‌ಲೋ ಹಂಚಿಕೊಂಡವರು. ಅಂಥವರನ್ನು ಬಿಟ್ಟುಕೊಡಲು ಅಭಿಮಾನಿಗಳಿಗೆ ಮನಸ್ಸೇ ಬರಲಿಲ್ಲ. 2013ರಲ್ಲಿ ‘ಹಿರ್ಡ್ ಜೊತೆಗೆ ನಿಲ್ಲಿ’ ಎಂಬ ಅಭಿಯಾನವೇ ನಡೆಯಿತು, ತನಿಖೆ ನಡೆಯುತ್ತಿರುವಾಗಲೇ ತಂಡ ಋತುವಿನ ಮೊದಲ ಆರು ಪಂದ್ಯಗಳನ್ನು ಗೆದ್ದಿತು. ನನ್ನ ಅಭಿಪ್ರಾಯ ಸರಳ: ತಂಡ ಗೆದ್ದಾಗ ಹಾರ ಹಾಕಿಸಿಕೊಳ್ಳುವ ತರಬೇತುದಾರ, ತನ್ನ ಹುಡುಗರ ತೋಳಿಗೆ ಸೂಜಿ ಹೋಗುವಾಗ ತನಗೇನೂ ಸಂಬಂಧವಿಲ್ಲ ಎಂಬಂತೆ ಇರಲಾಗದು. ಹಿರಿಯರು ಇದನ್ನು ಒಪ್ಪಲಿಲ್ಲ. ಐದನೇ ಸಂಖ್ಯೆಯ ಜೆರ್ಸಿಯನ್ನೂ 25 ಡಾಲರಿಗೆ ತರಬೇಕಿತ್ತು ಎಂದರು.

ನನಗೆ ಇಂದು ಬಹಳ ಮುಖ್ಯವೆನಿಸಿದ ಮಾತು ಇದರ ನಂತರ ಬಂತು. ಅವರ ಪ್ರಕಾರ 2016 ಅವರು ಕಂಡ ಒಳ್ಳೆಯ ವರ್ಷಗಳಲ್ಲೊಂದು! ಆ ವರ್ಷ ತಂಡ ಗೆದ್ದದ್ದು 3 ಪಂದ್ಯ, ಸೋತದ್ದು 19, ಪಟ್ಟಿಯ ತಳಕ್ಕೆ ಸಿಗುವ ‘ವುಡನ್ ಸ್ಪೂನ್’ ಎಂಬ ಅಣಕದ ಬಿರುದು 1933ರ ನಂತರ ಮೊದಲ ಬಾರಿಗೆ ಬಂತು. ನಿಷೇಧಕ್ಕೊಳಗಾದವರ ಜಾಗ ತುಂಬಲು ಲೀಗ್ ಅನುಮತಿಯಿಂದ ಹತ್ತು ಜನರನ್ನು ಅಲ್ಲಿಂದ ಇಲ್ಲಿಂದ ಕೂಡಿಸಿಕೊಂಡರು. ಅವರಲ್ಲಿ ಒಬ್ಬರು ರಯಾನ್ ಕ್ರೌಲಿ. ನೋವು ನಿವಾರಕದಲ್ಲಿದ್ದ ನಿಷೇಧಿತ ಅಂಶಕ್ಕಾಗಿ ತಾವೇ ಒಂದು ವರ್ಷ ಅಮಾನತಾಗಿ ಆಗಷ್ಟೇ ಹೊರಬಂದವರು. ಮದ್ದಿನ ಪ್ರಕರಣದಿಂದ ಖಾಲಿಯಾದ ಜಾಗಕ್ಕೆ ಮದ್ದಿನ ಪ್ರಕರಣದಿಂದ ಬಂದವರನ್ನೇ ಕೂರಿಸಿದ್ದನ್ನು ನೆನೆದು ಹಿರಿಯರು ಮತ್ತೆ ನಕ್ಕರು. ಎರಡನೆಯ ವಾರ ಈ ತಂಡ ಮೆಲ್ಬರ್ನ್ ವಿರುದ್ಧ ಗೆದ್ದಾಗ ಪ್ರಶಸ್ತಿಯೇ ಬಂದಂತೆ ಕುಣಿದೆವು ಎಂದರು. ಯಾರೂ ಏನನ್ನೂ ನಿರೀಕ್ಷಿಸಲಿಲ್ಲ, ಸೋತರೆ ಬೈಯಲು ವಾಡಾ ಇತ್ತು, ಲೀಗ್ ಇತ್ತು, ಡ್ಯಾಂಕ್ ಇದ್ದ, ದಿನಪತ್ರಿಕೆಗಳಿದ್ದವು. 2017ರ ಮೊದಲ ವಾರ ನಿಷೇಧಿತರು ಮರಳಿ ಬಂದಾಗ ಎಂಸಿಜಿಯಲ್ಲಿ 78 ಸಾವಿರ ಜನರ ಮುಂದೆ ಹಾತಾರ್ನ್ ತಂಡವನ್ನು 25 ಅಂಕಗಳಿಂದ ಸೋಲಿಸಿದ್ದನ್ನು ಹೇಳುವಾಗ ಅವರು ಮಾತು ನಿಲ್ಲಿಸಿ ಮೂಗು ಒರೆಸಿಕೊಂಡರು. ನೆಗಡಿ ಎಂದರು.

ಕಷ್ಟ ಶುರುವಾದದ್ದು ಆಮೇಲೆ. ಹಗರಣದ ಲೆಕ್ಕ ಚುಕ್ತಾ ಆಯಿತು, ಸೋಲು ಮಾತ್ರ ಉಳಿಯಿತು, ಮತ್ತು ಅದಕ್ಕೆ ಹೊರಗಿನ ಕಾರಣ ಯಾವುದೂ ಉಳಿದಿರಲಿಲ್ಲ. 2022ರ ಅಕ್ಟೋಬರಿನಲ್ಲಿ ಮುಖ್ಯ ಕಾರ್ಯನಿರ್ವಾಹಕರಾಗಿ ನೇಮಕವಾದ ಆಂಡ್ರ್ಯೂ ಥಾರ್ಬರ್ನ್, ತಾವು ಅಧ್ಯಕ್ಷರಾಗಿದ್ದ ಚರ್ಚಿನ ಧೋರಣೆಗಳ ಕುರಿತು ಗದ್ದಲವೆದ್ದು ಮರುದಿನವೇ ರಾಜೀನಾಮೆ ಕೊಟ್ಟರು. ಒಂದು ದಿನದ ಅಧಿಕಾರಿ! ಅದೇ ವರ್ಷ ತರಬೇತುದಾರರೂ ಬದಲಾದರು. 2025ರ ಋತುವಿನಲ್ಲಿ ಗಾಯಾಳುಗಳ ಸಾಲು ಹನುಮಂತನ ಬಾಲದಂತೆ ಬೆಳೆದು, ತಂಡ 6 ಪಂದ್ಯ ಮಾತ್ರ ಗೆದ್ದು 15ನೇ ಸ್ಥಾನಕ್ಕೆ ಇಳಿಯಿತು. ಅದು ಸಾಲದೆಂಬಂತೆ ಆಗ ನಾಯಕರಾಗಿದ್ದ ಜ್ಯಾಕ್ ಮೆರೆಟ್ ಅವರೇ ಬದ್ಧ ವೈರಿಯಾದ ಹಾತಾರ್ನ್ ತಂಡಕ್ಕೆ ಹೋಗುತ್ತೇನೆಂದರು, ಕ್ಲಬ್ಬು ಬಿಡಲಿಲ್ಲ, ವರ್ಗಾವಣೆಯ ಗಡುವು ಮುಗಿದು ಅವರು ಇಲ್ಲೇ ಉಳಿದರು. ಹೋಗಬೇಕೆಂದವನನ್ನು ಹಿಡಿದಿಟ್ಟುಕೊಂಡು ಏನು ಸುಖ, ಬಿಟ್ಟುಕೊಟ್ಟು ಡ್ರಾಫ್ಟ್ ಸರದಿಗಳನ್ನು ಪಡೆದುಕೊಳ್ಳಬೇಕಿತ್ತು ಎಂದು ನಾನು ರೈಲಿನಲ್ಲಿ ಬರುವಾಗ ಅಂದುಕೊಂಡಿದ್ದೆ.

ಹಿರಿಯರ ವಾದ ಬೇರೆ. 2016ರಲ್ಲಿ ತಪ್ಪು ಮಾಡಿದವರು ಕಚೇರಿಯಲ್ಲಿದ್ದರು, ಆಟಗಾರರು ನಮ್ಮವರಾಗಿಯೇ ಉಳಿದಿದ್ದರು. ಈಗ ಆಟಗಾರನೇ ನಮ್ಮ ಮುಖ ನೋಡಿ, ನೀವು ಗೆಲ್ಲುವವರಲ್ಲ ಎಂದು ಹೇಳಿದ್ದಾನೆ, ಅದನ್ನು ಡ್ರಾಫ್ಟ್ ಸರದಿ ತೆಗೆದುಕೊಂಡು ಒಪ್ಪಿಕೊಳ್ಳಬೇಕೇ ಎಂದು ಕೇಳಿದರು. ಸರಿ, ನನ್ನ ಅಭಿಪ್ರಾಯವನ್ನು ಇಲ್ಲೇ ಬದಲಾಯಿಸುತ್ತಿದ್ದೇನೆ: ಬಿಡದಿದ್ದದ್ದೇ ಒಳ್ಳೆಯದಾಯಿತು. ಕಾಮೆಂಟಿನಲ್ಲಿ ಹಾತಾರ್ನ್ ಅಭಿಮಾನಿಗಳು ಬೈದರೂ ಚಿಂತೆಯಿಲ್ಲ.

ಗೇಟು ಮುಚ್ಚುವ ಸಮಯವಾಯಿತೆಂದು ಆವರಣದವರು ಕೈಮಾಡುತ್ತಿದ್ದಾರೆ, ಬ್ಯಾಟರಿಯೂ ಕೆಂಪಾಗಿದೆ, ಆದ್ದರಿಂದ ಬೇಗ ಹೇಳಿಬಿಡುತ್ತೇನೆ. ಮುಂದಿನ ವಾರದ ವ್ಲಾಗ್ ಸೇಂಟ್ ಕಿಲ್ಡಾ ತಂಡದ ಅಭಿಮಾನಿಗಳ ಜೊತೆ. ಅವರ ಬಳಿ ಇರುವುದು 1966ರಲ್ಲಿ ಒಂದೇ ಅಂಕದಿಂದ ಗೆದ್ದ ಒಂದೇ ಪ್ರಶಸ್ತಿ, ಮತ್ತು 27 ವುಡನ್ ಸ್ಪೂನ್‌ಗಳು. ಎಸೆಂಡನ್ನವರು ಈ ವಿದ್ಯೆಯಲ್ಲಿ ಇನ್ನೂ ಮಕ್ಕಳು.