ಮೋಡೆಮ್ಮಿನ ಆ ಸೊರ್ರ್ ಸದ್ದಲ್ಲಿ ಏನು ನಡೀತಿತ್ತು

ಕೇಳುಗರೆಲ್ಲರಿಗೂ ನಮಸ್ಕಾರ. 1995ರ ಆಗಸ್ಟ್ 15ಕ್ಕೆ ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಕೊಡೋಕೆ ಶುರು ಮಾಡ್ತು. ಆಗ ಫೋನ್ ಲೈನಿಗೆ ಮೋಡೆಮ್ (ಕಂಪ್ಯೂಟರಿನ 0, 1 ಅನ್ನೋ ಬಿಟ್‌ಗಳನ್ನ ಫೋನ್ ಲೈನಲ್ಲಿ ಹೋಗೋ ಸದ್ದಾಗಿ ಬದಲಿಸೋ ಪೆಟ್ಟಿಗೆ) ಹಾಕಿ ಡಯಲ್ ಮಾಡಿದವರಿಗೆ ಆ ಸದ್ದು ನೆನಪಿರುತ್ತೆ, ಮೊದಲು ಕುಂಯ್ ಅನ್ನೋದು, ಆಮೇಲೆ ಎರಡೂ ಕಡೆಯಿಂದ ಕೀಂ ಕೀಂ, ಕೊನೆಗೆ ಬರೀ ಸೊರ್ರ್. ತುಂಬಾ ಜನ ಅದನ್ನ ಲೈನಿನ ಗಲಾಟೆ ಅಂದ್ಕೊಂಡಿದ್ರು, ಆದ್ರೆ ಅಸಲಿ ಕೆಲಸ ನಡೀತಿದ್ದಿದ್ದೇ ಅಲ್ಲಿ, ಮೋಡೆಮ್ ನಿಮ್ಮ ಲೈನು ಎಂಥದ್ದು ಅಂತ ಕಲೀತಾ ಇತ್ತು.

ಯಾಕೆ ಕಲೀಬೇಕು? ಫೋನ್ ಲೈನ್ ಎಳೆದಿದ್ದು ಮಾತಿಗೋಸ್ಕರ, ಸುಮಾರು 300ರಿಂದ 3400 ಹರ್ಟ್ಸ್ ತನಕ ಮಾತ್ರ ದಾಟಿಸುತ್ತೆ, ಅದರಲ್ಲೂ ಕೆಲವು ಫ್ರೀಕ್ವೆನ್ಸಿ ಬೇಗ ತಲುಪುತ್ತೆ ಕೆಲವು ತಡವಾಗಿ. ಹಾಗಾಗಿ ಈ ಕಡೆಯಿಂದ ಚೂಪಾಗಿ ಹೊರಟ ಪಲ್ಸ್, ಅಂದ್ರೆ ಬಿಟ್ ಹೊತ್ತ ಸಿಗ್ನಲ್ ತುಣುಕು, ಆ ಕಡೆ ಮುಟ್ಟೋಷ್ಟರಲ್ಲಿ ಉದ್ದಕ್ಕೆ ಹರಡ್ಕೊಂಡು ಪಕ್ಕದ ಪಲ್ಸ್ ಮೇಲೆ ಬಿದ್ದಿರುತ್ತೆ. ಖಾಲಿ ಕಲ್ಯಾಣ ಮಂಟಪದಲ್ಲಿ ಬೇಗ ಬೇಗ ಮಾತಾಡಿದ್ರೆ ಹಿಂದಿನ ಮಾತಿನ ಪ್ರತಿಧ್ವನಿ ಮುಂದಿನ ಮಾತನ್ನ ನುಂಗುತ್ತಲ್ಲ, ಅದೇ ಥರ.

ಈಕ್ವಲೈಜರ್ ಅಂದ್ರೆ ಈ ಕಲಸುಮೇಲೋಗರ ಬಿಡಿಸೋ ಫಿಲ್ಟರ್, ಬಂದ ಸಿಗ್ನಲ್ಲಿನ ಅಕ್ಕಪಕ್ಕದ ತುಣುಕುಗಳನ್ನ ಒಂದೊಂದು ಅಂಕಿಯಿಂದ ಗುಣಿಸಿ ಕೂಡಿಸುತ್ತೆ. ಮೊದಲೆಲ್ಲ ಅದನ್ನ ಕೈಯಲ್ಲೇ ತಿರುಗಿಸಿ ಹೊಂದಿಸಬೇಕಿತ್ತು. 1965ರಲ್ಲಿ ಅಮೆರಿಕದ ಫೋನ್ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ರಾಬರ್ಟ್ ಲಕಿ ಅದು ತಾನೇ ಹೊಂದಿಕೊಳ್ಳೋ ದಾರಿ ತೋರಿಸಿದ್ರು. ಅದಕ್ಕೂ ಮುಂಚೆ 1960ರಲ್ಲಿ ಸ್ಟ್ಯಾನ್‌ಫರ್ಡ್‌ನ ಬರ್ನಾರ್ಡ್ ವಿಡ್ರೋ ಮತ್ತೆ ಅವರ ಶಿಷ್ಯ ಟೆಡ್ ಹಾಫ್ ಎಲ್‌ಎಂಎಸ್ ಅನ್ನೋ ನಿಯಮ ಕೊಟ್ಟಿದ್ರು (ಈ ಹಾಫ್ ಅವರೇ ಮುಂದೆ ಇಂಟೆಲ್‌ನಲ್ಲಿ ಮೊದಲ ಮೈಕ್ರೋಪ್ರೊಸೆಸರ್ ರೂಪಿಸಿದವರಲ್ಲಿ ಒಬ್ರು). ನಿಯಮ ಎಷ್ಟು ಸರಳ ನೋಡಿ: ಬರಬೇಕಾದ್ದು 1 ಅಂತ ಮೊದಲೇ ಗೊತ್ತು, ಬಂದಿದ್ದು 0.7, ಕೊರತೆ 0.3, ಆ ಕೊರತೆ ಕಮ್ಮಿ ಆಗೋ ಕಡೆಗೆ ಫಿಲ್ಟರಿನ ಒಂದೊಂದು ಅಂಕಿಯನ್ನೂ ಒಂಚೂರು ಸರಿಸು, ಮುಂದಿನ ಪಲ್ಸಿಗೆ ಮತ್ತೆ ಅದನ್ನೇ ಮಾಡು, ಅಷ್ಟೇ! ಇಷ್ಟು ಸಣ್ಣ ಲೆಕ್ಕ ಸಾವಿರಾರು ಸಲ ನಡೆದು ಲೈನಿನ ಡೊಂಕೆಲ್ಲ ತಿದ್ದುತ್ತೆ ಅನ್ನೋದು ನಂಗೆ ಇವತ್ತಿಗೂ ಬೆರಗು. ಆ ಸೊರ್ರ್ ಅನ್ನೋದು ಎರಡೂ ಮೋಡೆಮ್‌ಗೆ ಮೊದಲೇ ಗೊತ್ತಿದ್ದ ಪಾಠ, ಅದು ಮುಗಿದ ಮೇಲೆ ಮೋಡೆಮ್ ತಾನು ಓದಿದ ಬಿಟ್ ಅನ್ನೇ ಸರಿ ಅಂತ ಹಿಡ್ಕೊಂಡು ತಿದ್ಕೊಳ್ತಾ ಹೋಗುತ್ತೆ.

ಇದರ ಜೊತೆಗೆ ಐಬಿಎಂ ಜೂರಿಕ್‌ನ ಉಂಗರ್‌ಬೋಕ್ ಅವರ ಟ್ರೆಲಿಸ್ ಕೋಡಿಂಗ್ (ತಪ್ಪು ತಿದ್ದೋಕೆ ಬೇಕಾದ ಸುಳಿವನ್ನ ಸಿಗ್ನಲ್ ಒಳಗೇ ಸೇರಿಸೋ ವಿಧಾನ) ಸೇರ್ಕೊಂಡು, 1994ರ ವಿ.34 ಅನ್ನೋ ಮೋಡೆಮ್ ಮಾನದಂಡದ ಹೊತ್ತಿಗೆ ಅದೇ ಹಳೇ ತಾಮ್ರದ ತಂತಿಯಲ್ಲಿ ಸೆಕೆಂಡಿಗೆ 28,800 ಬಿಟ್ ಓಡ್ತಿತ್ತು.

ಈಗ ಮೊಬೈಲಲ್ಲಿ ಸದ್ದಿಲ್ಲ, ಆದ್ರೆ ಪಾಠ ನಿಂತಿಲ್ಲ. ಬಸ್ಸಲ್ಲಿ ಕೂತು ವಿಡಿಯೋ ನೋಡ್ತಿರೋರಿಗೆ ಕಟ್ಟಡ, ಮರ, ಲಾರಿ ಎಲ್ಲದಕ್ಕೂ ತಗುಲಿ ಬರೋ ಅಲೆ ಕ್ಷಣಕ್ಷಣಕ್ಕೂ ಬದಲಾಗುತ್ತೆ, ಅದಕ್ಕೇ 4ಜಿ ಟವರ್ ಪ್ರತಿ ಮಿಲಿಸೆಕೆಂಡಿನೊಳಗೂ ಹಲವು ಸಲ, ಫೋನಿಗೆ ಮೊದಲೇ ಗೊತ್ತಿರೋ ಸಿಗ್ನಲ್‌ಗಳನ್ನ ಡೇಟಾ ಮಧ್ಯೆ ಸೇರಿಸಿ ಕಳಿಸುತ್ತೆ, ಫೋನು ಅವನ್ನ ನೋಡಿ ದಾರಿ ಈಗ ಹೆಂಗಿದೆ ಅಂತ ಲೆಕ್ಕ ಹಾಕಿ ಉಳಿದ ಡೇಟಾ ಬಿಡಿಸ್ಕೊಳ್ಳುತ್ತೆ. ನಮಸ್ಕಾರ.