ಸರಣಿ ಕೊಲೆ ಆರೋಪ: ಬಂಧನದಿಂದ ಕೊನೆಯ ಅರ್ಜಿಯವರೆಗೆ

ಕೇಳುಗರಿಗೆ ನಮಸ್ಕಾರ.

ಹಲವು ಕೊಲೆಗಳ ಆರೋಪ ಹೊತ್ತವನೊಬ್ಬ ಸಿಕ್ಕಿಬಿದ್ದ ಸಂಜೆ ಏನೇನಾಗುತ್ತದೆ ಎಂಬುದು ನಮಗೆಲ್ಲ ಬಾಯಿಪಾಠ. ಪೊಲೀಸರ ಪತ್ರಿಕಾಗೋಷ್ಠಿ, ಮುಖಕ್ಕೆ ಬಟ್ಟೆ ಮುಸುಕಿದ ಆರೋಪಿ, ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟ ಒಡವೆ. ಟಿವಿ ಪರದೆಯ ತಳದಲ್ಲಿ ಸಂಖ್ಯೆ ಏರುತ್ತಲೇ ಇರುತ್ತದೆ: ಆರು, ಹನ್ನೊಂದು, ಹದಿನೇಳು. ರಾತ್ರಿಯ ಚರ್ಚೆ ಶುರುವಾಗುವ ಹೊತ್ತಿಗೆ ಆರೋಪಿ ಎಂಬ ಪದ ಬಿದ್ದುಹೋಗಿ ಹಂತಕ ಎಂಬುದು ಬಂದಿರುತ್ತದೆ. ‘ಎಲ್ಲವನ್ನೂ ಒಪ್ಪಿಕೊಂಡಿದ್ದಾನಂತೆ, ಇನ್ನು ಕೋರ್ಟು ಕಚೇರಿ ಯಾಕೆ’ ಎಂಬ ಮಾತು ಮರುದಿನ ಎಲ್ಲೆಡೆ ಕೇಳುತ್ತದೆ.

ಆದರೆ ಆ ಒಟ್ಟು ಸಂಖ್ಯೆಗೆ ಸೆಷನ್ಸ್ ನ್ಯಾಯಾಲಯದಲ್ಲಿ ತೂಕವಿಲ್ಲ. ಹದಿನೇಳು ಕೊಲೆ ಎಂದರೆ ಅಲ್ಲಿ ಹದಿನೇಳು ಕಡತ. ಪ್ರತಿಯೊಂದೂ ತನ್ನದೇ ಸಾಕ್ಷ್ಯದ ಮೇಲೆ ನಿಲ್ಲಬೇಕು. ಒಂದರ ಬಲವನ್ನು ಇನ್ನೊಂದಕ್ಕೆ ಸುಮ್ಮನೆ ಸಾಲ ಕೊಡುವಂತಿಲ್ಲ.

ಮೊದಲು ಆ ‘ಒಪ್ಪಿಕೊಂಡ’ ಮಾತನ್ನೇ ನೋಡೋಣ. ಪೊಲೀಸ್ ಅಧಿಕಾರಿಯ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಸಾಬೀತುಪಡಿಸುವಂತಿಲ್ಲ. ಹಳೆಯ ಸಾಕ್ಷ್ಯ ಅಧಿನಿಯಮದ 25 ಮತ್ತು 26ನೇ ಕಲಮುಗಳು ಇದನ್ನೇ ಹೇಳುತ್ತಿದ್ದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು ಹೇಳುವುದೂ ಇದನ್ನೇ. ಹೇಳಿಕೆ ಹತ್ತು ಪುಟವಿರಲಿ, ಪ್ರತಿ ಪುಟದಲ್ಲೂ ಸಹಿ ಇರಲಿ, ನ್ಯಾಯಾಧೀಶರು ಅದನ್ನು ಬದಿಗಿಡುತ್ತಾರೆ. ಒಂದೇ ಒಂದು ಕಿಂಡಿ ಇದೆ. ಹಳೆಯ ಕಾನೂನಿನ 27ನೇ ಕಲಮು, ಈಗ 23ನೇ ಕಲಮಿನ ವಿನಾಯಿತಿ. ಆರೋಪಿ ಕೊಟ್ಟ ಮಾಹಿತಿಯಿಂದ ಹೊಸದಾಗಿ ಏನಾದರೂ ಪತ್ತೆಯಾದರೆ, ಆ ಪತ್ತೆಗೆ ನೇರ ಸಂಬಂಧಪಟ್ಟ ಮಾತಷ್ಟೇ ಸಾಕ್ಷ್ಯವಾಗುತ್ತದೆ. ‘ಚಾಕುವನ್ನು ಬಾವಿಯ ಪಕ್ಕದ ಪೊದೆಯಲ್ಲಿ ಬಚ್ಚಿಟ್ಟಿದ್ದೇನೆ, ತೋರಿಸುತ್ತೇನೆ’ ಎಂಬುದು ಒಳಗೆ ಬರುತ್ತದೆ. ‘ಅದರಿಂದಲೇ ಕೊಂದೆ’ ಎಂಬುದು ಹೊರಗುಳಿಯುತ್ತದೆ. ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ಪೀಠವಾಗಿದ್ದ ಪ್ರಿವಿ ಕೌನ್ಸಿಲ್ 1946ರ ಡಿಸೆಂಬರ್‌ನಲ್ಲಿ ಪುಲುಕೂರಿ ಕೊಟ್ಟಯ್ಯ ಪ್ರಕರಣದಲ್ಲಿ ಎಳೆದ ಗೆರೆ ಇದು. ಇಂದಿಗೂ ಅಳಿಸಿಲ್ಲ.

ಆ ಕಿಂಡಿಯನ್ನು ಸರಿಯಾಗಿ ಬಳಸುವುದಕ್ಕೂ ಒಂದು ಕ್ರಮವಿದೆ. ಇಬ್ಬರು ಪಂಚರನ್ನು, ಅಂದರೆ ನಡೆದದ್ದನ್ನು ಕಣ್ಣಾರೆ ನೋಡಿ ಸಹಿ ಹಾಕುವ ಸ್ವತಂತ್ರ ಸಾಕ್ಷಿಗಳನ್ನು, ಮೊದಲೇ ಕರೆಸಬೇಕು. ಠಾಣೆಯಿಂದ ಹೊರಡುವ ಮುನ್ನವೇ ಆರೋಪಿಯ ಮಾತನ್ನು ಅವನ ಬಾಯಿಂದ ಬಂದಂತೆ ಬರೆದುಕೊಂಡು, ಹೊತ್ತು ನಮೂದಿಸಿ ಸಹಿ ಹಾಕಿಸಬೇಕು. ಆಮೇಲೆ ಜೀಪು ಹೊರಡಬೇಕು. ದಾರಿ ತೋರಿಸಬೇಕಾದವನು ಆರೋಪಿ. ವಸ್ತುವನ್ನು ಅಲ್ಲೇ ಕಟ್ಟಿ, ಅರಗಿನ ಮುದ್ರೆ ಒತ್ತಿ, ಪಂಚನಾಮೆಯನ್ನು ಜಾಗದಲ್ಲೇ ಬರೆದು ಮುಗಿಸಬೇಕು. ಹೊಸ ಕಾನೂನಿನಲ್ಲಿ ಶೋಧ ಮತ್ತು ಜಪ್ತಿಯ ವಿಡಿಯೊ ಚಿತ್ರೀಕರಣವೂ ಕಡ್ಡಾಯ. ಎಡವಟ್ಟಾಗುವುದು ಈ ಅನುಕ್ರಮದಲ್ಲೇ. ಮೊದಲು ಅಗೆದು, ಸಿಕ್ಕ ಮೇಲೆ ಹೇಳಿಕೆ ಬರೆಯುವುದು. ಊರಿಗೆಲ್ಲ ಗೊತ್ತಿದ್ದ ಜಾಗವನ್ನು ಆರೋಪಿಯೇ ತೋರಿಸಿದ ಎನ್ನುವುದು. ಪ್ರತಿ ಪ್ರಕರಣಕ್ಕೂ ಅದೇ ಇಬ್ಬರನ್ನು ಪಂಚರನ್ನಾಗಿ ಮಾಡುವುದು. ಪಾಟಿ ಸವಾಲಿನಲ್ಲಿ ಇದೆಲ್ಲ ಅರ್ಧ ಗಂಟೆಯಲ್ಲಿ ಹೊರಬೀಳುತ್ತದೆ. ಇನ್ನು ನೂರಾರು ಜನ, ಹತ್ತಾರು ಕ್ಯಾಮೆರಾ ಮುತ್ತಿಕೊಂಡ ಸ್ಪಾಟ್ ಮಹಜರಂತೂ ಆರೋಪಿ ಪರ ವಕೀಲರಿಗೆ ಕೇಳದೇ ಸಿಕ್ಕ ಉಡುಗೊರೆ.

ನಿಠಾರಿಯ ಕಥೆಯನ್ನು ಈ ಬೆಳಕಿನಲ್ಲಿ ನೋಡಬೇಕು. 2006ರ ಡಿಸೆಂಬರ್ ಕೊನೆಯಲ್ಲಿ ನೋಯ್ಡಾದ ನಿಠಾರಿಯಲ್ಲಿ ಡಿ-5 ಎಂಬ ಮನೆಯ ಹಿಂದಿನ ಚರಂಡಿಯಿಂದ ಮಕ್ಕಳ ಮತ್ತು ಮಹಿಳೆಯರ ಮೂಳೆ, ತಲೆಬುರುಡೆಗಳು ಹೊರಬಂದವು. ಮನೆಗೆಲಸದ ಸುರೇಂದ್ರ ಕೋಲಿ ಮತ್ತು ಮನೆಯ ಒಡೆಯ ಮೊನಿಂದರ್ ಸಿಂಗ್ ಪಂಢೇರ್ ಬಂಧಿತರಾದರು. 2007ರ ಜನವರಿಯಲ್ಲಿ ತನಿಖೆ ಸಿಬಿಐಗೆ ಹೋಯಿತು. ದೇಶವಿಡೀ ಆ ಮನೆಯ ಚಿತ್ರ ನೋಡಿತು. ಕೊಂದವರು ಈ ಇಬ್ಬರೇ ಎಂಬುದರಲ್ಲಿ ಯಾರಿಗೂ ಎಳ್ಳಷ್ಟು ಅನುಮಾನ ಉಳಿದಿರಲಿಲ್ಲ. ಕೆಳ ನ್ಯಾಯಾಲಯದಲ್ಲಿ ಕೋಲಿಗೆ ಒಂದಾದ ಮೇಲೊಂದು ಮರಣದಂಡನೆ ಬಿತ್ತು. ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಫೆಬ್ರುವರಿಯಲ್ಲಿ ಗಲ್ಲನ್ನು ಎತ್ತಿಹಿಡಿಯಿತು. 2014ರ ಸೆಪ್ಟೆಂಬರ್‌ನಲ್ಲಿ ನೇಣು ಹತ್ತಿರ ಬಂದಿದ್ದಾಗ ನಡುರಾತ್ರಿ ಕಳೆದ ಮೇಲೆ ತಡೆಯಾಜ್ಞೆ ಸಿಕ್ಕಿತು. ಕ್ಷಮಾದಾನ ಅರ್ಜಿಯ ತೀರ್ಮಾನ ವಿಪರೀತ ತಡವಾಯಿತೆಂದು 2015ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು.

ಆಮೇಲೆ ಎಲ್ಲ ತಲೆಕೆಳಗಾಯಿತು. 2023ರ ಅಕ್ಟೋಬರ್ 16ರಂದು ಅದೇ ಹೈಕೋರ್ಟ್ ಕೋಲಿಯನ್ನು 12 ಪ್ರಕರಣಗಳಲ್ಲಿ, ಪಂಢೇರ್ ಅವರನ್ನು ಎರಡರಲ್ಲಿ ಖುಲಾಸೆ ಮಾಡಿತು. ಮೇಲ್ಮನವಿಗಳನ್ನು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ವಜಾ ಮಾಡಿತು. ಉಳಿದದ್ದು ಒಂದೇ, 2011ರಲ್ಲಿ ಅಂತಿಮವಾಗಿದ್ದ ಪ್ರಕರಣ. 2025ರ ನವೆಂಬರ್ 11ರಂದು ಕ್ಯುರೇಟಿವ್ ಅರ್ಜಿಯಲ್ಲಿ, ಅಂದರೆ ಪುನರ್‌ಪರಿಶೀಲನೆಯೂ ಮುಗಿದ ಮೇಲೆ ಸುಪ್ರೀಂ ಕೋರ್ಟಿಗೇ ಸಲ್ಲಿಸುವ ಕೊನೆಯ ಅರ್ಜಿಯಲ್ಲಿ, ಅದೂ ಬಿದ್ದುಹೋಯಿತು. ಹನ್ನೆರಡರಲ್ಲಿ ಸಾಲದೆ ಹೋದ ಅದೇ ಸಾಕ್ಷ್ಯ ಹದಿಮೂರನೆಯದರಲ್ಲಿ ಮಾತ್ರ ಸಾಲುವುದು ಹೇಗೆ ಎಂಬುದೇ ಅಲ್ಲಿನ ಪ್ರಶ್ನೆಯಾಗಿತ್ತು.

ಬಿದ್ದದ್ದು ಎಲ್ಲಿ ಎಂದು ನೋಡಿದರೆ, ಆಗಲೇ ಹೇಳಿದ ಜಾಗಗಳಲ್ಲೇ. ಕೋಲಿ ಹೇಳಿದ್ದನೆನ್ನಲಾದ ಮಾತನ್ನು ಆ ಹೊತ್ತಿಗೇ ಬರೆದಿಟ್ಟ ದಾಖಲೆ ಇರಲಿಲ್ಲ. ಅಲ್ಲಿ ಮೂಳೆಗಳಿವೆ ಎಂಬುದು ಅವನನ್ನು ಕರೆತರುವ ಮೊದಲೇ ಜನರಿಗೂ ಪೊಲೀಸರಿಗೂ ತಿಳಿದಿತ್ತು. ಡಿಎನ್‌ಎ ಪರೀಕ್ಷೆಯಿಂದ ಮೂಳೆಗಳು ಯಾವ ಮನೆಯ ಮಕ್ಕಳವು ಎಂಬುದು ಗೊತ್ತಾಯಿತು ನಿಜ; ಕೊಂದವರು ಯಾರೆಂದು ಡಿಎನ್‌ಎ ಹೇಳಲಿಲ್ಲ. ಅಷ್ಟೊಂದು ಕೊಲೆ ನಡೆದಿತ್ತೆನ್ನಲಾದ ಮನೆಯೊಳಗೆ ಅದಕ್ಕೆ ತಕ್ಕ ರಕ್ತದ ಗುರುತು ಸಿಗಲಿಲ್ಲ. ಉಳಿದ ದೊಡ್ಡ ಆಧಾರ ಮ್ಯಾಜಿಸ್ಟ್ರೇಟರ ಮುಂದಿನ ತಪ್ಪೊಪ್ಪಿಗೆ. ಅದು ದಾಖಲಾದದ್ದು ಸುಮಾರು 60 ದಿನ ಪೊಲೀಸ್ ವಶದಲ್ಲಿದ್ದ ಮೇಲೆ.

ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಬೆಲೆ ಇದೆ, ಕಟ್ಟುಪಾಡೂ ಇದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 164, ಈಗ ನಾಗರಿಕ ಸುರಕ್ಷಾ ಸಂಹಿತೆಯ 183. ‘ನೀನು ಹೇಳಲೇಬೇಕೆಂದಿಲ್ಲ, ಹೇಳಿದರೆ ನಿನ್ನ ವಿರುದ್ಧವೇ ಬಳಕೆಯಾಗಬಹುದು’ ಎಂದು ಮೊದಲು ತಿಳಿಸಬೇಕು. ಯೋಚಿಸಲು ಸಮಯ ಕೊಡಬೇಕು. ಸಾಮಾನ್ಯವಾಗಿ ಕನಿಷ್ಠ 24 ಗಂಟೆ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ಆ ಹೊತ್ತಿನಲ್ಲಿ ಅವನು ಇರಬೇಕಾದದ್ದು ಜೈಲಿನಲ್ಲಿ, ಠಾಣೆಯಲ್ಲಲ್ಲ. ಕೋಣೆಯಲ್ಲಾಗಲಿ ಬಾಗಿಲಲ್ಲಾಗಲಿ ತನಿಖಾಧಿಕಾರಿ ಸುಳಿಯಬಾರದು. ‘ಹೇಳುವುದಿಲ್ಲ’ ಎಂದರೆ ಅವನನ್ನು ಮತ್ತೆ ಪೊಲೀಸ್ ವಶಕ್ಕೆ ಕೊಡುವಂತಿಲ್ಲ. ಸ್ವಂತ ಇಚ್ಛೆಯಿಂದ ಹೇಳುತ್ತಿದ್ದಾನೆ ಎಂದು ತಮಗೆ ಮನವರಿಕೆಯಾಗಿದೆಯೆಂದು ಮ್ಯಾಜಿಸ್ಟ್ರೇಟರು ಕೊನೆಯಲ್ಲಿ ಬರೆದು ಸಹಿ ಮಾಡಬೇಕು. ನಿಠಾರಿಯಲ್ಲಿ ಸರಿಯಾದ ಕಾನೂನು ನೆರವು ಇರಲಿಲ್ಲ, ತನಿಖಾಧಿಕಾರಿ ಸಮೀಪದಲ್ಲೇ ಇದ್ದರು, ಹೇಳಿಕೊಟ್ಟದ್ದನ್ನು ಹೇಳುತ್ತಿದ್ದಾನೆ ಎಂಬ ಸುಳಿವು ಹೇಳಿಕೆಯ ಒಳಗೇ ಇತ್ತು.

ಈಗ ನಮ್ಮ ರಾಜ್ಯಕ್ಕೆ ಬರೋಣ. ಸಯನೈಡ್ ಮೋಹನ್ ಎಂದೇ ಕುಖ್ಯಾತನಾದ ಮೋಹನ್ ಕುಮಾರ್, ದಕ್ಷಿಣ ಕನ್ನಡದ ಶಾಲಾ ಶಿಕ್ಷಕನಾಗಿದ್ದವನು. ಮದುವೆಯ ಆಸೆ ತೋರಿಸಿ ಹೆಣ್ಣುಮಕ್ಕಳನ್ನು ಬೇರೆ ಊರಿಗೆ ಕರೆದೊಯ್ಯುವುದು, ಗರ್ಭನಿರೋಧಕ ಮಾತ್ರೆ ಎಂದು ಸಯನೈಡ್ ಕೊಡುವುದು, ಅವರ ಒಡವೆಯೊಂದಿಗೆ ಮಾಯವಾಗುವುದು ಅವನ ರೀತಿ. ಬಂಧನ 2009ರ ಅಕ್ಟೋಬರ್‌ನಲ್ಲಿ. ಇಪ್ಪತ್ತು ಪ್ರಕರಣಗಳಲ್ಲಿ ಕೊನೆಯದರ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ. ಇಷ್ಟು ವರ್ಷ ಯಾಕೆ ಎಂದು ಕೇಳುವವರಿಗೆ ಒಂದು ಉತ್ತರ ಕಾನೂನಿನಲ್ಲೇ ಇದೆ. ಪ್ರತ್ಯೇಕ ಅಪರಾಧಕ್ಕೆ ಪ್ರತ್ಯೇಕ ವಿಚಾರಣೆ ಎಂಬುದು ನಿಯಮ. ಹನ್ನೆರಡು ತಿಂಗಳೊಳಗೆ ನಡೆದ ಒಂದೇ ಬಗೆಯ ಮೂರು ಅಪರಾಧಗಳನ್ನು ಮಾತ್ರ ಒಟ್ಟಿಗೆ ವಿಚಾರಿಸಬಹುದಿತ್ತು. ಹೊಸ ಸಂಹಿತೆ ಅದನ್ನು ಐದಕ್ಕೆ ಏರಿಸಿದೆ.

ಆ ಪ್ರಕರಣದ ನಿಜವಾದ ಪಾಠ ಇರುವುದು ಬಂಧನಕ್ಕಿಂತ ಹಿಂದಿನ ವರ್ಷಗಳಲ್ಲಿ. ಬಸ್ ನಿಲ್ದಾಣಗಳ ಶೌಚಾಲಯದಲ್ಲಿ, ಒಳಗಿನಿಂದ ಚಿಲಕ ಹಾಕಿದ ಸ್ಥಿತಿಯಲ್ಲಿ ಮಹಿಳೆಯರ ಶವ ಸಿಗುತ್ತಿತ್ತು. ಬೇರೆ ಬೇರೆ ಊರು, ಬೇರೆ ಬೇರೆ ಠಾಣೆ. ಎಲ್ಲ ಕಡೆಯೂ ಯುಡಿಆರ್, ಅಂದರೆ ಅಸ್ವಾಭಾವಿಕ ಸಾವಿನ ವರದಿ. ಗುರುತಿಲ್ಲದ ಹೆಣ, ಆತ್ಮಹತ್ಯೆ ಎಂಬ ಊಹೆ, ಕಡತ ಮುಕ್ತಾಯ. ಇನ್ನೊಂದು ತಾಲ್ಲೂಕಿನಲ್ಲಿ ಅದೇ ಹೆಣ್ಣುಮಗಳ ನಾಪತ್ತೆ ದೂರು ಬೇರೊಂದು ಕಪಾಟಿನಲ್ಲಿ. ಇಂಥ ಪ್ರಕರಣ ವರ್ಷಗಳ ಮೇಲೆ ಜೀವ ಪಡೆಯಬೇಕಾದರೆ ಮೂರು ವಸ್ತು ಉಳಿದಿರಬೇಕು: ಶವದ ಸ್ಪಷ್ಟ ಭಾವಚಿತ್ರ, ಮೈಮೇಲಿದ್ದ ಬಟ್ಟೆ, ವಿಸೆರಾದ, ಅಂದರೆ ಪರೀಕ್ಷೆಗೆಂದು ತೆಗೆದಿಟ್ಟ ಒಳಾಂಗಗಳ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ. ಜಠರ, ಸಣ್ಣ ಕರುಳಿನ ತುಂಡು, ಯಕೃತ್ತು, ಮೂತ್ರಪಿಂಡ, ರಕ್ತ ಇವನ್ನು ಬೇರೆ ಬೇರೆ ಶೀಶೆಯಲ್ಲಿ ಗಾಳಿಯಾಡದಂತೆ ಮುಚ್ಚಿ ಕಳಿಸಬೇಕು. ಸಯನೈಡ್ ಆವಿಯಾಗಿ ಹೋಗುವ ವಿಷ. ತಡವಾದಷ್ಟೂ ಪ್ರಮಾಣ ಕುಸಿಯುತ್ತದೆ. ಅದರ ಮೇಲೆ, ಕೊಳೆತ ದೇಹದಲ್ಲಿ ಅದು ತಾನಾಗಿಯೇ ಅಲ್ಪಸ್ವಲ್ಪ ಉಂಟಾಗಲೂಬಹುದು. ಆರೋಪಿ ಪರ ವಕೀಲರು ಹಿಡಿಯುವುದೇ ಈ ಎಳೆಯನ್ನು.

ಒಂದು ಕೊಲೆಯ ವಿಚಾರಣೆಯಲ್ಲಿ ಇನ್ನೊಂದನ್ನು ಎತ್ತಲೇಬಾರದೇ? ಎತ್ತಬಹುದು, ಆದರೆ ಕಾರಣ ಬೇಕು. ‘ಇವನು ಕೆಟ್ಟವನು, ಆದ್ದರಿಂದ ಇದನ್ನೂ ಮಾಡಿರುತ್ತಾನೆ’ ಎಂಬ ವಾದ ನಡೆಯುವುದಿಲ್ಲ. ಸಾವು ಆಕಸ್ಮಿಕವಲ್ಲ, ಒಂದೇ ತಂತ್ರದ ಸರಣಿಯ ಭಾಗ ಎಂದು ತೋರಿಸುವುದಕ್ಕೆ ಅದೇ ಬಗೆಯ ಬೇರೆ ಘಟನೆಗಳು ಬಳಕೆಗೆ ಬರುತ್ತವೆ. 1915ರಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಜೋಸೆಫ್ ಸ್ಮಿತ್ ಎಂಬವನ ಮೇಲೆ ಒಬ್ಬ ಪತ್ನಿಯ ಕೊಲೆಯ ವಿಚಾರಣೆ ಮಾತ್ರ ನಡೆಯಿತು. ಆದರೆ ಅವನನ್ನು ಮದುವೆಯಾದ ಇನ್ನಿಬ್ಬರೂ ಅದೇ ರೀತಿ ಸ್ನಾನದ ತೊಟ್ಟಿಯಲ್ಲಿ ಸತ್ತದ್ದನ್ನು ಸಾಕ್ಷ್ಯವಾಗಿ ಕೇಳಲಾಯಿತು. ಮೂರು ಸಲ ಅದೇ ಆಕಸ್ಮಿಕ ಎಂದರೆ ಯಾರು ನಂಬುತ್ತಾರೆ?

ಸಾರ್ವಜನಿಕ ಚರ್ಚೆಯಿಂದ ಕೆಡುವ ಕೆಲಸಗಳಲ್ಲಿ ಮೊದಲನೆಯದು ಗುರುತು ಪತ್ತೆ ಪೆರೇಡ್. ‘ಆ ದಿನ ಲಾಡ್ಜಿನಲ್ಲಿ ಕಂಡವನು ಇವನೇ’ ಎಂದು ಸಾಕ್ಷಿ ಹೇಳಬೇಕಾದರೆ, ಅದೇ ವಯಸ್ಸು, ಅದೇ ಮೈಕಟ್ಟಿನ ಐದರಿಂದ ಹತ್ತು ಜನರ ನಡುವೆ ಆರೋಪಿಯನ್ನು ನಿಲ್ಲಿಸಿ ಗುರುತು ಹಿಡಿಸಬೇಕು. ನಮ್ಮಲ್ಲಿ ಸಾಮಾನ್ಯವಾಗಿ ತಹಶೀಲ್ದಾರರು ಜೈಲಿನಲ್ಲಿ ಇದನ್ನು ನಡೆಸುತ್ತಾರೆ. ಅವನ ಫೋಟೊ ಅಷ್ಟರಲ್ಲಿ ಎಲ್ಲರ ಮೊಬೈಲಿನಲ್ಲಿ ಓಡಾಡಿದ್ದರೆ ಪೆರೇಡ್‌ಗೆ ಬೆಲೆ ಇಲ್ಲ. ಮುಖದ ಮೇಲಿನ ಆ ಬಟ್ಟೆ ಇರುವುದು ಇದಕ್ಕಾಗಿ, ಅವನ ಮಾನ ಕಾಪಾಡಲು ಅಲ್ಲ. ಬಟ್ಟೆ ಮುಸುಕಿ ನಿಲ್ಲಿಸಿ, ಪಕ್ಕದಲ್ಲೇ ಅವನ ಮದುವೆಯ ಫೋಟೊ ತೋರಿಸುವ ಬುದ್ಧಿವಂತಿಕೆಗೆ ಏನನ್ನೋಣ.

ಇನ್ನೊಂದು ತೊಡಕು ನ್ಯಾಯಾಂಗ ನಿಂದನೆ ಕಾಯ್ದೆಯದು. 1971ರ ಆ ಕಾಯ್ದೆ ಕ್ರಿಮಿನಲ್ ಪ್ರಕರಣವನ್ನು ‘ವಿಚಾರಣೆಯಲ್ಲಿದೆ’ ಎಂದು ಪರಿಗಣಿಸುವುದು ಚಾರ್ಜ್‌ಶೀಟ್ ಸಲ್ಲಿಕೆಯಿಂದ, ಅಥವಾ ನ್ಯಾಯಾಲಯ ಸಮನ್ಸ್, ವಾರಂಟ್ ಹೊರಡಿಸಿದ ಮೇಲೆ. ಚರ್ಚೆಯ ಬಿಸಿ ಏರುವುದೋ ಬಂಧನದ ಮೊದಲ ವಾರಗಳಲ್ಲಿ, ಅಂದರೆ ಆ ಕಾಯ್ದೆಯ ಲೆಕ್ಕದಲ್ಲಿ ವಿಚಾರಣೆ ಸಾಮಾನ್ಯವಾಗಿ ಇನ್ನೂ ಶುರುವಾಗಿರದ ಹೊತ್ತಿನಲ್ಲಿ. ಪೊಲೀಸರು ಮಾಧ್ಯಮಕ್ಕೆ ಏನು ಹೇಳಬೇಕು, ಏನು ಹೇಳಬಾರದು ಎಂಬುದಕ್ಕೆ ಕೈಪಿಡಿ ಸಿದ್ಧಪಡಿಸುವಂತೆ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿತು. ಮಂಪರು ಪರೀಕ್ಷೆಯ ತುಣುಕುಗಳ ಬಗ್ಗೆಯೂ ಒಂದು ಮಾತು: ಒಪ್ಪಿಗೆಯಿಲ್ಲದೆ ಆ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ 2010ರ ಸೆಲ್ವಿ ತೀರ್ಪು ಹೇಳಿದೆ. ಒಪ್ಪಿ ಮಾಡಿಸಿಕೊಂಡರೂ ಆ ಉತ್ತರಗಳು ತಾವಾಗಿ ಸಾಕ್ಷ್ಯವಲ್ಲ.

‘ಇಂಥವನ ಪರ ಯಾರೂ ವಕಾಲತ್ತು ಹಾಕಬಾರದು’ ಎಂಬ ಠರಾವುಗಳನ್ನು ವಕೀಲರ ಸಂಘಗಳು ಆಗಾಗ ಮಾಡುತ್ತವೆ. 2010ರಲ್ಲಿ ಸುಪ್ರೀಂ ಕೋರ್ಟ್ ಇವು ಅಸಿಂಧು ಎಂದಿದೆ. ವಕೀಲರಿಲ್ಲದೆ ನಡೆದ ವಿಚಾರಣೆ ಮೇಲಿನ ನ್ಯಾಯಾಲಯದಲ್ಲಿ ನಿಲ್ಲದೆ ಮತ್ತೆ ಮೊದಲಿನಿಂದ ಶುರುವಾದರೆ, ಸಾಕ್ಷಿದಾರರು ಮತ್ತೊಮ್ಮೆ ಕಟಕಟೆ ಹತ್ತಬೇಕಾಗುತ್ತದೆ.

ಗಲ್ಲು ವಿಧಿಸಿದ ಮಾತ್ರಕ್ಕೆ ಪ್ರಕರಣ ಮುಗಿಯುವುದಿಲ್ಲ. ಸೆಷನ್ಸ್ ನ್ಯಾಯಾಲಯದ ಮರಣದಂಡನೆಯನ್ನು ಹೈಕೋರ್ಟ್ ದೃಢೀಕರಿಸಲೇಬೇಕು. ಆಮೇಲೆ ಸುಪ್ರೀಂ ಕೋರ್ಟ್ ಮೇಲ್ಮನವಿ, ಪುನರ್‌ಪರಿಶೀಲನಾ ಅರ್ಜಿ, ಕ್ಯುರೇಟಿವ್, ರಾಜ್ಯಪಾಲರು ಮತ್ತು ರಾಷ್ಟ್ರಪತಿಗಳ ಮುಂದೆ ಕ್ಷಮಾದಾನ. ಮೋಹನ್ ಕುಮಾರ್‌ಗೆ 2013ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ ವಿಧಿಸಿದ್ದ ಗಲ್ಲನ್ನು ಒಂದು ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2017ರಲ್ಲಿ ಸಾಯುವತನಕದ ಸೆರೆಗೆ ಇಳಿಸಿತು. ಅತ್ಯಾಚಾರ, ಕೊಲೆ ಪ್ರಕರಣದಲ್ಲಿ ಗಲ್ಲು ಶಿಕ್ಷೆಯಾಗಿದ್ದ ಉಮೇಶ್ ರೆಡ್ಡಿಯ ವಿಷಯದಲ್ಲಿ ತಪ್ಪು ಮಾಡಿದ್ದು ಜೈಲು. ಕ್ಷಮಾದಾನ ಅರ್ಜಿ ತಿರಸ್ಕೃತವಾಗುವ ತನಕ ಕೈದಿಯನ್ನು ‘ಗಲ್ಲಿಗೆ ಒಳಪಟ್ಟವನು’ ಎಂದು ಒಂಟಿಕೋಣೆಗೆ ಹಾಕುವಂತಿಲ್ಲ ಎಂದು 1978ರಲ್ಲೇ ಸುಪ್ರೀಂ ಕೋರ್ಟ್ ತೀರ್ಮಾನಿಸಿತ್ತು. ಅವನ ಅರ್ಜಿ ತಿರಸ್ಕೃತವಾದದ್ದು 2013ರಲ್ಲಿ. ಬೆಳಗಾವಿ ಜೈಲಿನಲ್ಲಿ ಅವನನ್ನು ಒಂಟಿಯಾಗಿ ಇಟ್ಟದ್ದು 2006ರಿಂದ. ಅಪರಾಧ ಸಾಬೀತೇ ಆಗಿದ್ದರೂ 2022ರ ನವೆಂಬರ್‌ನಲ್ಲಿ ಗಲ್ಲು ಕನಿಷ್ಠ 30 ವರ್ಷದ ಸೆರೆಯಾಗಿ ಬದಲಾಯಿತು. ‘ಕಾನೂನು ಅವನ ಪರ’ ಎಂದು ಸಿಟ್ಟಾದವರು, ಆ ಏಳು ವರ್ಷ ನಿಯಮ ಮುರಿದವರು ಯಾರು ಎಂದು ಕೇಳಿದ್ದು ಕಡಿಮೆ.

ಕೊನೆಯದಾಗಿ, ಸತ್ತವರ ಮನೆಯವರ ವಿಷಯ. ಆರೋಪಿ ಖುಲಾಸೆಯಾದರೆ ಸರ್ಕಾರವಷ್ಟೇ ಅಲ್ಲ, ನೊಂದವರ ಕುಟುಂಬವೂ ಮೇಲ್ಮನವಿ ಹೋಗಬಹುದು. ಪರಿಹಾರಕ್ಕೆ ಶಿಕ್ಷೆ ಆಗಲೇಬೇಕೆಂದಿಲ್ಲ. ಖುಲಾಸೆಯಾದ ಪ್ರಕರಣದಲ್ಲೂ ವಿಚಾರಣಾ ನ್ಯಾಯಾಲಯ ಶಿಫಾರಸು ಮಾಡಬಹುದು. ಅಪರಾಧಿ ಪತ್ತೆಯೇ ಆಗದೆ, ವಿಚಾರಣೆಯೇ ನಡೆಯದಿದ್ದಾಗ ಅವಲಂಬಿತರು ನೇರವಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಎರಡು ತಿಂಗಳೊಳಗೆ ವಿಚಾರಣೆ ಮುಗಿಸಿ ಮೊತ್ತ ನಿಗದಿ ಮಾಡಬೇಕೆಂದು ಕಾನೂನಿದೆ. ಎಫ್‌ಐಆರ್ ಪ್ರತಿ, ಮರಣೋತ್ತರ ವರದಿ, ಸಂಬಂಧ ತೋರಿಸುವ ದಾಖಲೆ ಜೊತೆಗಿರಲಿ. ಅರ್ಜಿ ಬರೆದುಕೊಡಲು ವಕೀಲರನ್ನು ಪ್ರಾಧಿಕಾರವೇ ಉಚಿತವಾಗಿ ಒದಗಿಸುತ್ತದೆ. ಕಚೇರಿ ಆಯಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ನಮಸ್ಕಾರ.